ಏರಿ ಮೇಲಿನ ಹಳದಿ ದೀಪ

ನಮ್ಮ ಯಜಮಾನರು ಶಾಂತಮಲ್ಲಪ್ಪನವರು ಅರಿಶಿನ ವ್ಯಾಪಾರಿ. ಹಾಗಂತ ಕಾರಿನ ದೀಪಕ್ಕೂ ಅರಿಶಿನ ಬಳಿಯಬೇಕೆಂದೇನೂ ಇಲ್ಲ, ಆದರೆ ಅವರ ಡೀಸೆಲ್ ಅಂಬಾಸಿಡರಿಗೆ ಇದ್ದದ್ದು ಹಳದಿ ಬಲ್ಬೇ. ಹಳೇ ಮಾಲೀಕ ಹಾಕಿಸಿದ್ದು. ಆ ಪುಣ್ಯಾತ್ಮ ಎಲ್ಲೇ ಇರಲಿ, ಅವನ ಹೊಟ್ಟೆ ತಣ್ಣಗಿರಲಿ. ನಮ್ಮ ಮನೆಯ ಸುಖವೆಲ್ಲ ಆ ಎರಡು ಬಲ್ಬುಗಳ ಮೇಲೆ ನಿಂತಿತ್ತು.

ನಮ್ಮದು ಬೇಗೂರಿನಿಂದಾಚೆ, ಹೊಲದ ನಡುವಿನ ಮನೆ. ಹೆದ್ದಾರಿ ಬಿಟ್ಟು ಕೆರೆ ಏರಿ ಮೇಲೆ ಬರಬೇಕು. ನಮ್ಮ ಮನೆ ದಾಟಿದರೆ ಇಟ್ಟಿಗೆ ಗೂಡು, ಅಲ್ಲಿಗೆ ಸಂಜೆಯೆಲ್ಲ ಲಾರಿಗಳು. ಅವುಗಳ ದೀಪವೆಲ್ಲ ಬಿಳಿ. ಏರಿ ಮೇಲೆ ಹಳದಿ ಕಂಡಿತೆಂದರೆ ಯಜಮಾನರು ಗುಂಡ್ಲುಪೇಟೆಯ ಅರಿಶಿನದ ಮಂಡಿ ಮುಚ್ಚಿಕೊಂಡು ಬಂದರು ಎಂದೇ ಅರ್ಥ. ಅಷ್ಟು ಕಂಡರೆ ಸಾಕು, ಜಗಲಿ ಮೇಲಿನ ಇಸ್ಪೀಟು ಎಲೆಗಳು ರಾಗಿ ಡಬ್ಬ ಸೇರುತ್ತಿದ್ದವು. ನನ್ನ ಅತ್ತೆ ದೊಡ್ಡಮಲ್ಲಮ್ಮ ಹಣೆಗೆ ಇನ್ನೊಂದು ಸಲ ವಿಭೂತಿ ಎಳೆದುಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರು. ಮೈದುನ ಸೋಮೇಶ ಕೊಟ್ಟಿಗೆಗೆ ಓಡಿ ಹಾಲು ಕೊಡದ ಎಮ್ಮೆಯ ಮೈ ಸವರುತ್ತಿದ್ದ. ನಮ್ಮ ಹೊಲದ ಕೆಲಸಕ್ಕೆ ಬರುವ ಮರಿತಾಯಮ್ಮ ಖಾಲಿ ಮೊರ ಕೇರುತ್ತಿದ್ದಳು. ನಾನು ಕಾಫಿಗೆ ನೀರಿಡುತ್ತಿದ್ದೆ.

ಯಜಮಾನರಿಗೆ ಇಸ್ಪೀಟು ಕಂಡರಾಗದು. ನಮ್ಮ ಮಾವನವರು ಅದರಲ್ಲಿ ಒಂದು ಜೊತೆ ಎತ್ತು ಕಳೆದಿದ್ದರು. "ಅವ್ರು ಎತ್ತು ಕಳ್ದ್ರು, ನಾನು ಆಟ ಕಲ್ತೆ. ಲುಕ್ಸಾನೇನಿಲ್ಲ ಬುಡು" ಎನ್ನುವುದು ಅತ್ತೆಯ ವಾದ. ನಾವು ಆಡುತ್ತಿದ್ದುದು ಬರೀ ಹುಣಸೆಬೀಜಕ್ಕೆ. ಹಗಲೆಲ್ಲ ದುಡಿದ ಮೇಲೆ ಆ ಒಂದು ಗಳಿಗೆ ಇಲ್ಲದಿದ್ದರೆ ನನಗಂತೂ ಹುಚ್ಚೇ ಹಿಡಿಯುತ್ತಿತ್ತು.

ಒಂದು ದಿನ ಊಟಕ್ಕೆ ಕೂತ ಯಜಮಾನರು, "ಕಾರಿಂದು ಹಳದಿ ಬಲ್ಬ್ ತಗ್ಸಿ ಬಿಳೀದು ಹಾಕಿಸ್ಬುಡ್ತೀನಿ" ಎಂದರು.

ಸೋಮೇಶನ ಗಂಟಲಲ್ಲಿ ಮುದ್ದೆ ನಿಂತಿತು. "ಯಾಕಣ್ಣ? ಚೆಂದಾಗೇ ಅವಲ್ಲ!"

"ಎದ್ರುಗಡೆ ಲಾರಿ ಬಂದ್ರೆ ನನ್ ದೀಪ ಉರೀತದೋ ಇಲ್ವೋ ಅನ್ನಂಗಾಯ್ತದೆ ಕಣ್ಲಾ. ಮೊನ್ನೆ ಒಂದು ಎತ್ತಿನಗಾಡಿಗೆ ಗುದ್ಬುಡ್ತಿದ್ದೆ."

ಗಂಡನ ಪ್ರಾಣ ದೊಡ್ಡದು, ಒಪ್ಪುತ್ತೇನೆ. ಆದರೆ ಇಸ್ಪೀಟೂ ಸಣ್ಣದಲ್ಲ. ಅತ್ತೆ ಮೊದಲು ಬಾಯಿ ಹಾಕಿದರು.

"ಬಿಳೀ ಬೆಳ್ಕು ಕಂಡ್ರೆ ಆನೆ ಅಟ್ಟಿಸ್ಕಂಡ್ ಬತ್ತದೆ ಕಣ್ಲಾ ಮಗ."

"ಬೇಗೂರ್ಗೆ ಯಾವ ಆನೆ ಬತ್ತದವ್ವ?"

"ಬೆಳ್ಕು ಕಂಡ್ರೆ ಬತ್ತದೆ."

ಸೋಮೇಶ ಪೊಲೀಸರು ಹಿಡಿಯುತ್ತಾರೆಂದು ಹೆದರಿಸಿದ. ಅದೂ ನಡೆಯಲಿಲ್ಲ. ಕೊನೆಗೆ, ಬಲ್ಬು ತರಲು ಅವರು ಚಾಮರಾಜನಗರಕ್ಕೆ ಹೊರಟ ದಿನ, ಸೀರೆ ನೋಡಬೇಕೆಂದು ನೆಪ ಹೇಳಿ ನಾನೂ ಹೊರಟೆ. ಅತ್ತೆ ನನ್ನ ಕೈ ಹಿಡಿದು "ಎಲ್ಲಾ ನಿನ್ ಕೈಲದೆ ಕಣಮ್ಮಿ" ಎಂದು ಪಿಸುಗುಟ್ಟಿದರು.

ಚಾಮರಾಜನಗರ ಜಿಲ್ಲೆಯಾದ ಹೊಸತು. ಅಂಗಡಿಯವರಿಗೆಲ್ಲ ಸ್ವಲ್ಪ ಕೊಂಬು ಬಂದಿತ್ತು. ಬಿಡಿಭಾಗಗಳ ಅಂಗಡಿಯ ಪುಟ್ಟಬಸಪ್ಪ ಬಲ್ಬುಗಳನ್ನು ಒಂದೊಂದಾಗಿ ಹಚ್ಚಿ ತೋರಿಸಿದ. ಒಂದು ನಿಂಬೆಹಣ್ಣಿನ ಹಳದಿ. ಇನ್ನೊಂದರ ಗಾಜಿಗೆ ನೀಲಿ ಬಳಿದಿತ್ತು. ಅದರ ಬೆಳಕಲ್ಲಿ ಅವನ ಮುಖವೇ ಜ್ವರ ಬಂದು ಎದ್ದವನ ಹಾಗೆ ಕಂಡಿತು. ಮತ್ತೊಂದು ಹಾಲಿನಂಥ ಬಿಳಿ ಹ್ಯಾಲೋಜನ್. "ಇದ್ರಲ್ಲಿ ಸೂಜಿ ಬಿದ್ರೂ ಕಾಣ್ತದೆ ಸ್ವಾಮಿ" ಎಂದ.

"ಹಳದೀನೇ ಇರ್ಲಿ ರೀ," ಎಂದೆ ನಾನು. "ಮಂಜಲ್ಲಿ ಹಳದೀನೇ ವಾಸಿಯಂತೆ. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದಾಗ ಬೇಕಾಯ್ತದೆ."

"ಬೆಟ್ಟಕ್ಕೆ ನಾವ್ ಯಾವಾಗ್ ಹೋಗಿದ್ದೋ?"

"ಎಲ್ಲಿ? ಕರ್ಕಂಡ್ ಹೋದ್ರೆ ತಾನೆ!"

ಪುಟ್ಟಬಸಪ್ಪ ನಗು ತಡೆದುಕೊಂಡು, "ಅಮ್ಮಾವ್ರು ಹೇಳೋದು ದಿಟ, ಮಂಜಿಗೆ ಹಳದೀನೇ ಸರಿ" ಎಂದ. ಗೆದ್ದೆ ಎಂದುಕೊಂಡೆ. ಯಜಮಾನರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ "ಬಿಳೀದೇ ಹಾಕು" ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಒಂದು ಸೀರೆ ತೆಗೆದುಕೊಳ್ಳಬೇಕೆಂದಿದ್ದವಳು ಎರಡು ತೆಗೆದುಕೊಂಡೆ.

ಮಾರನೆಯ ಸಂಜೆ ಕರೆಂಟು ಹೋಯಿತು. ಲಾಟೀನು ಹಚ್ಚಿಕೊಂಡು ಹೆದರುತ್ತಲೇ ಎಲೆ ಹಂಚಿದೆವು. ಏರಿ ಮೇಲೆ ಬಿಳಿ ದೀಪ ಕಂಡಾಗಲೆಲ್ಲ ಎಲೆ ಡಬ್ಬಕ್ಕೆ, ಅತ್ತೆ ಧ್ಯಾನಕ್ಕೆ, ಸೋಮೇಶ ಕೊಟ್ಟಿಗೆಗೆ. ಲಾರಿ ಮನೆ ದಾಟಿ ಹೋದ ಮೇಲೆ ಎಲ್ಲರೂ ವಾಪಸ್ಸು. ಎಮ್ಮೆಗೇ ಬೇಜಾರಾಗಿ ಸೋಮೇಶನನ್ನು ಒದೆಯಿತು. ಕೊನೆಗೆ ಅತ್ತೆಯ ತಾಳ್ಮೆ ಕೆಟ್ಟಿತು. ಅವರ ಕೈಗೆ ಅಪರೂಪಕ್ಕೆ ಒಳ್ಳೆಯ ಎಲೆ ಬಂದಿತ್ತು.

"ಇನ್ನು ಆ ಮಾದಪ್ಪನೇ ಬಂದ್ರೂ ನಾನ್ ಏಳಕ್ಕಿಲ್ಲ. ಆಡ್ರಲಾ!"

ಆಗ ಇನ್ನೊಂದು ಲಾರಿ ಬಂತು. ಡೀಸೆಲ್ ಅಂಬಾಸಿಡರಿನ ಸದ್ದಿಗೂ ಇಟ್ಟಿಗೆ ಲಾರಿಯ ಸದ್ದಿಗೂ ಅಂಥ ಅಂತರವೇನಿಲ್ಲ, ಬೇಕಾದರೆ ಕೇಳಿ ನೋಡಿ. ಒದೆಸಿಕೊಂಡ ಸೋಮೇಶನ ನಡಿಗೆಯನ್ನು ಮರಿತಾಯಮ್ಮ ಕುಂಟಿ ತೋರಿಸುತ್ತಿದ್ದಳು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಲಾರಿ ಮುಂದಕ್ಕೆ ಹೋಗದೆ ನಮ್ಮ ಬಾಗಿಲಿಗೇ ತಿರುಗಿತು. ಜಗಲಿ ಹಾಡಹಗಲಾಯಿತು. ಒಂದೊಂದು ಹುಣಸೆಬೀಜವೂ ಕಾಣುವಂತಾಯಿತು. ಅತ್ತೆಯ ಕೈಯಲ್ಲಿ ಎಲೆಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದವು. ಸೋಮೇಶ ಎದ್ದ, ಎಲ್ಲಿಗೆ ಹೋಗುವುದೆಂದು ತಿಳಿಯದೆ ಮತ್ತೆ ಕೂತ.

ಯಜಮಾನರು ದೀಪ ಆರಿಸದೆಯೇ ಇಳಿದು ಬಂದು ಮೆಟ್ಟಿಲ ಬಳಿ ನಿಂತರು. ನಮ್ಮ ಆಟ ಇವತ್ತಿಗೆ ಮುಗಿಯಿತು ಎಂದುಕೊಂಡೆ.

"ಹೋದ್ ತಿಂಗ್ಳು ಏರಿ ಮೇಲೆ ಗಾಡಿ ಆಫಾಗಿ ನಿಂತೋಗಿತ್ತು," ಎಂದರು ಅವರು, ಯಾರ ಮುಖವನ್ನೂ ನೋಡದೆ. "ಲೈಟ್ ಆರಿಸಿ ಇಳ್ದೆ. ಒಸಿ ಹೊತ್ತಾದ್ಮೇಲೆ ನಮ್ಮನೆ ಕಡೆಯಿಂದ ನಗಾಡೋದು ಕೇಳಿಸ್ತು. ಅವ್ವಾ, ನೀನ್ ಅಂಗೆ ನಗಾಡೋದ ನಾನ್ ಕೇಳೇ ಇರ್ನಿಲ್ಲ. ಗಾಡಿ ಸ್ಟಾರ್ಟಾಗಿ ಲೈಟ್ ಹಾಕ್ದೆ ನೋಡು, ಟಕ್ ಅಂತ ನಿಂತೋಯ್ತು."

ಅತ್ತೆ ಕೈಯಲ್ಲಿದ್ದ ಎಲೆಗಳನ್ನು ಮೆಲ್ಲಗೆ ಮಡಿಲಿಗೆ ಇಳಿಸಿದರು.

"ನನ್ ದೀಪ ಕಂಡ್ರೆ ನನ್ ಮನೇಲಿ ನಗು ನಿಂತೋಯ್ತದೆ. ಅದ್ಕೇ ಬದ್ಲಾಯಿಸ್ದೆ."

"ಮತ್ತೆ ಎತ್ತಿನಗಾಡಿ?" ಎಂದೆ.

"ಎತ್ತಿನಗಾಡಿ ಸುಳ್ಳು."

ಮದುವೆಯಾದ ಮೇಲೆ ಅವರು ನನಗೆ ಹೇಳಿದ ಮೊದಲ ಸುಳ್ಳು ಅದೇ ಇರಬೇಕು. ನಾವು ನಾಲ್ವರೂ ಸೇರಿ ಹೇಳಿದ ಸುಳ್ಳುಗಳನ್ನು ಲೆಕ್ಕ ಹಾಕಲು ಮಾತ್ರ ಹೋಗಲಿಲ್ಲ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಕುಂತ್ಕೊ ಮಗ. ಆ ದೀಪ ಆರಿಸ್ಬ್ಯಾಡ ಬುಡು, ಎಲೆ ಚೆಂದಾಗಿ ಕಾಣ್ತವೆ. ಮರಿತಾಯಿ, ಇವ್ನಿಗೂ ಒಸಿ ಬೀಜ ಹಾಕು."

ಯಜಮಾನರಿಗೆ ಎಲೆ ಹಿಡಿಯಲೂ ಬಾರದು. ನಮಗೆಲ್ಲ ಕಾಣುವಂತೆ ಹಿಡಿದುಕೊಂಡು ಗಂಭೀರವಾಗಿ ಯೋಚನೆ ಮಾಡುತ್ತಿದ್ದರು. ಒಂದು ಆಟ ಸೋತರು, ಎರಡು ಸೋತರು, "ಮೋಸ!" ಎಂದು ಕೂಗಿದರು, ಮತ್ತೆ ಹಂಚಿ ಎಂದು ಹಟ ಹಿಡಿದರು. ಕಾರಿನ ದೀಪ ಮಂಕಾಗುತ್ತ ಬಂದದ್ದನ್ನು ನಾವ್ಯಾರೂ ಗಮನಿಸಲಿಲ್ಲ.

ಬೆಳಿಗ್ಗೆ ನೋಡಿದರೆ ಬ್ಯಾಟರಿ ಸತ್ತಿತ್ತು. ಯಜಮಾನರು ಸ್ಟೇರಿಂಗ್ ಹಿಡಿದು ಕೂತರು. ಏರಿ ಮೇಲೆ ನಾವು ನಾಲ್ವರು ಹಿಂದಿನಿಂದ ತಳ್ಳಿದೆವು. ಇಟ್ಟಿಗೆ ಲಾರಿಯವರು ಗಾಡಿ ನಿಲ್ಲಿಸಿ ನೋಡುತ್ತಿದ್ದರು.

"ಒಸಿ ಜೋರಾಗ್ ತಳ್ಳವ್ವಾ!" ಎಂದು ಯಜಮಾನರು ಕಿಟಕಿಯಿಂದ ಕೂಗಿದರು.

"ಸೋತೋರು ತಳ್ಬೇಕು ಕಣ್ಲಾ, ಗೆದ್ದೋಳಲ್ಲ!" ಎಂದರು ಅತ್ತೆ, ತಳ್ಳುತ್ತಲೇ. ಒಳಗಿನಿಂದ ಯಜಮಾನರ ನಗು ಕೇಳಿಸಿತು. ಅಷ್ಟರಲ್ಲಿ ಇಂಜಿನ್ನು ಹತ್ತಿಕೊಂಡಿತು.

ಅವತ್ತು ಸಂಜೆ ಲಾಟೀನಿನ ಗಾಜು ಒರೆಸಿಕೊಂಡು ನಾನಿನ್ನೂ ಅಡಿಗೆಮನೆಯಲ್ಲೇ ಇದ್ದೆ. ಬಾಗಿಲಲ್ಲಿ ಕಾರು ನಿಂತ ಸದ್ದಾಯಿತು. ಹೊರಗೆ ಬಂದು ನೋಡಿದರೆ ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ಅಷ್ಟು ದುಡ್ಡು ಕೊಟ್ಟು ತಂದ ಬಲ್ಬುಗಳನ್ನು ಹಚ್ಚುವ ಸಂದರ್ಭ ಆಮೇಲೆ ಅವರಿಗೆ ಬರಲೇ ಇಲ್ಲ ಎನ್ನಬೇಕು.