ಮಾರಯ್ಯ ಹಾಕಿದ್ದ ವಾಲ್ವು

ಫ್ರೀಜರ್ ಪೆಟ್ಟಿಗೆಯ ಕಾಲಿನ ಕೆಳಗೆ ಪ್ರಸನ್ನ ರಟ್ಟಿನ ಚೂರನ್ನು ಮಡಚಿ ಮಡಚಿ ತುರುಕುತ್ತಿದ್ದ. ಬಾಡಿಗೆಗೆ ತಂದ ಪೆಟ್ಟಿಗೆ. ಒಂದು ಕಾಲು ನೆಲಕ್ಕೆ ಸರಿಯಾಗಿ ಕೂರದೆ, ಮೋಟಾರು ಶುರುವಾದಾಗಲೆಲ್ಲ ಗಡಗಡ ಅನ್ನುತ್ತಿತ್ತು. ಒಳಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ ಮಾರಯ್ಯನೂ ಅದರ ಜೊತೆ ಸಣ್ಣಗೆ ನಡುಗುತ್ತಿದ್ದ. ಅದನ್ನು ನೋಡಲಾಗದೆ ಯಾರೋ, "ಪ್ರಸನ್ನ ಮೆಕ್ಯಾನಿಕ್ ಅಲ್ವಾ, ಸ್ವಲ್ಪ ನೋಡಪ್ಪ" ಅಂದಿದ್ದರು.

ಸದ್ದು ನಿಂತಿತು. ಗಂಡನ ತಲೆಯ ಬಳಿ ಕುಳಿತಿದ್ದ ಈಶ್ವರಮ್ಮ, "ನಿಮ್ಮಣ್ಣನ ಹತ್ರ ಕಲ್ತಿದ್ದು ಎಲ್ಲಿಗೆ ಹೋಗುತ್ತೆ" ಅಂದಳು.

ಮಾರಯ್ಯನ ಕೈಕೆಳಗೇ ಕೆಲಸ ಕಲಿತು, ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದವನಿಗೆ ಅದು ಒಳ್ಳೆಯ ಮಾತೇ. ಆದರೆ ಪ್ರಸನ್ನನಿಗೆ ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಬೆಳಿಗ್ಗೆ ಏಳರಿಂದ ಅವನು ಹೀಗೇ ಮೈಮುರಿದು ದುಡಿಯುತ್ತಿದ್ದ. ಶಾಮಿಯಾನ ಹಾಕಿಸಿದ, ಕುರ್ಚಿ ತರಿಸಿದ, ಕತ್ರಿಗುಪ್ಪೆಯ ಹಳೇ ಊರಿನ ಆ ಓಣಿಯಲ್ಲಿ ನಿಂತಿದ್ದ ಬೈಕುಗಳನ್ನೆಲ್ಲ ಎತ್ತಿ ಪಕ್ಕಕ್ಕಿಟ್ಟ. ಸುಮ್ಮನೆ ಕೂತರೆ ಸತ್ತವನ ಮುಖ ನೋಡಬೇಕಾಗುತ್ತಿತ್ತು.

ಹೊರಗೆ ಚಿಕ್ಕಬೈರಪ್ಪ ಬಂದು ಕುರ್ಚಿ ಎಳೆದುಕೊಂಡ. ವಸಂತಪುರದಲ್ಲಿ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲಕ್ಕೆ ಶೀಟು ಹೊದಿಸಿ ಗ್ಯಾರೇಜು ಮಾಡಿದವನು ಅವನು. ಪರದೇಶದಿಂದ ಮರಳಿದವರು ಜೊತೆಗೆ ತಂದ ಜಪಾನಿನ ಗಾಡಿಗಳು ಕೆಟ್ಟರೆ ಅಲ್ಲಿಗೇ ಬರುತ್ತಿದ್ದವು, ಯಾಕೆಂದರೆ ಮಾರಯ್ಯ ಅಲ್ಲಿದ್ದ.

"ಒಂದ್ ಗಾಡಿ ಬಂತು ಕಣ್ರೀ," ಬೈರಪ್ಪ ಸುತ್ತಲಿದ್ದವರಿಗೆ ಹೇಳಿದ. "ಕೀ ತಿರುಗ್ಸಿದ್ರೆ ಒಳಗಿಂದ ಒಬ್ಳು ಜಪಾನಿ ಭಾಷೇಲಿ ಮಾತಾಡ್ತಾಳೆ. ಓನರ್ರಿಗೆ ಗಾಬರಿ, ಇಂಜಿನ್ನೇ ಹೋಯ್ತು ಅಂತ. ಮಾರಯ್ಯ ಯಾರನ್ನೋ ಹಿಡ್ದು ಅರ್ಥ ಕೇಳ್ಕೊಂಡ್ ಬಂದ. ಏನಿಲ್ಲ ಸಾರ್, ಅವರೂರಿನ ಟೋಲ್ ಕಾರ್ಡ್ ಕೇಳ್ತಾವ್ಳೆ, ಇಲ್ಲ ಅಂತ ಹೇಳ್ಬಿಡಿ ಅಂದ."

ಸಾವಿನ ಮನೆಯಲ್ಲಿ ನಗುವಷ್ಟು ನಕ್ಕರು. ಮಾರಯ್ಯನ ಮಗಳು ಸುಧಾಮಣಿಯ ಅತ್ತು ಊದಿದ ಮುಖದಲ್ಲೂ ಸಣ್ಣ ನಗು ಬಂತು.

"ಅಂಥವನ ಕೈಲೂ ಕೊನೇಗೆ ಆ ಒಂದು ತಪ್ಪಾಗೋಯ್ತು," ಬೈರಪ್ಪ ದನಿ ತಗ್ಗಿಸಿದ. "ವಯಸ್ಸು ನೋಡಿ, ಮರೆವು. ನಾನೂ ಅವತ್ತು ಬಾಯಿಗೆ ಬಂದಂಗೆ ಬೈದ್ಬಿಟ್ಟೆ. ಹಂಗ್ ಬೈಬಾರ್ದಿತ್ತು."

ಪ್ರಸನ್ನ ಪೆಟ್ಟಿಗೆಯ ಪ್ಲಗ್ಗು ಸರಿ ಇದೆಯೋ ಇಲ್ಲವೋ ಎಂದು ನೋಡುವವನಂತೆ ಗೋಡೆಗೆ ಮುಖ ಮಾಡಿದ. ಪ್ಲಗ್ಗು ಸರಿಯಾಗೇ ಇತ್ತು.

*

ಒಂಬತ್ತು ವರ್ಷದ ಹಿಂದಿನ ಮಾತು. ಉತ್ತರಹಳ್ಳಿಯ ಡಾಕ್ಟರೊಬ್ಬರ ಜಪಾನಿ ವ್ಯಾನು ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಕಾದು ಕೆಂಡವಾಗುತ್ತಿತ್ತು. ಮಾರಯ್ಯ ಬಾನೆಟ್ ಎತ್ತಿ, ರೇಡಿಯೇಟರಿನ ಮೇಲಿನ ಪೈಪಿನ ಮೇಲೊಂದು ಕೈ, ಕೆಳಗಿನದರ ಮೇಲೊಂದು ಕೈ ಇಟ್ಟ. ಒಂದು ಸುಡುತ್ತಿತ್ತು, ಇನ್ನೊಂದು ತಣ್ಣಗಿತ್ತು. "ವಾಲ್ವ್ ತೆರೀತಿಲ್ಲ" ಅಂದ. ಬಿಸಿಯಾದ ನೀರಿಗೆ ರೇಡಿಯೇಟರಿನ ದಾರಿ ತೆರೆಯುವ ವಾಲ್ವು ಅದು, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಹೊಸದು ಜಪಾನಿನಿಂದ ಬರಲು ಮೂರು ವಾರ ಹಿಡಿಯಿತು. ಮಾರಯ್ಯ ಅದನ್ನು ಹಾಕಿ, ನೀರು ತುಂಬಿಸಿ, "ನೀರಿನ ಪೈಪಲ್ಲಿರೋ ಗಾಳಿ ಪೂರ್ತಿ ತೆಗ್ದು ಆಮೇಲೆ ಗಾಡಿ ಕೊಡು. ಅರ್ಧ ಗಂಟೆ ಬೇಕು, ಅವಸರ ಮಾಡ್ಬೇಡ" ಎಂದು ಪ್ರಸನ್ನನಿಗೆ ಹೇಳಿ ತಂಗಿಯ ಮಗಳ ಮದುವೆಗೆಂದು ಕನಕಪುರಕ್ಕೆ ಹೋದ.

ಪ್ರಸನ್ನ ಹತ್ತು ನಿಮಿಷಕ್ಕೇ ಮುಗಿಸಿದ. ಡಾಕ್ಟರು ಮೈಸೂರಿಗೆ ಹೊರಟು ತುದಿಗಾಲಲ್ಲಿ ನಿಂತಿದ್ದರು. ಓಡಿಸಿ ನೋಡಲು ಹೋದರೆ ಬನಶಂಕರಿ ಸಿಗ್ನಲ್ಲಿನಲ್ಲಿ ಬಿಸಿ ತೋರಿಸುವ ಮುಳ್ಳು ಮತ್ತೆ ಮೇಲೇರಿತು. ಉಳಿದಿದ್ದ ಗಾಳಿಯ ಆಟ ಅದು, ಇನ್ನೇನೂ ಅಲ್ಲ. ಪ್ರಸನ್ನನಿಗೆ ಅಷ್ಟು ಯೋಚಿಸುವ ತಾಳ್ಮೆ ಇರಲಿಲ್ಲ. ವಾಪಸು ಬಂದು ವಾಲ್ವನ್ನೇ ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡ. ಊರಿನ ಮೆಕ್ಯಾನಿಕ್ಕುಗಳು ಎಷ್ಟೋ ಜನ ಮಾಡುವ ಕೆಲಸವೇ ಅದು. ಹಿಮ ಬೀಳದ ಊರಲ್ಲಿ ಈ ವಾಲ್ವು ಯಾಕೆ ಅನ್ನುವುದು ಅವರ ವಾದ. ಕೆಲವು ಗಾಡಿಗಳಲ್ಲಿ ಅದು ಹೇಗೋ ನಡೆದುಹೋಗುತ್ತದೆ. ಆ ವ್ಯಾನಿನಲ್ಲಿ ನಡೆಯುವಂತಿರಲಿಲ್ಲ, ವಾಲ್ವಿಲ್ಲದಿದ್ದರೆ ನೀರು ಅಡ್ಡದಾರಿ ಹಿಡಿದು, ರೇಡಿಯೇಟರನ್ನು ಮುಟ್ಟದೆ ಒಳಗೊಳಗೇ ಸುತ್ತುತ್ತದೆ. ಮಾರಯ್ಯ ಇದನ್ನು ನೂರು ಸಲ ಹೇಳಿದ್ದ.

ವ್ಯಾನು ಮದ್ದೂರು ದಾಟಲಿಲ್ಲ. ಇಂಜಿನ್ನಿನ ಹೆಡ್ಡು ಬಾಗಿ, ಲಾರಿಯ ಮೇಲೆ ವಾಪಸು ಬಂತು. ಮಾರಯ್ಯ ಮದುವೆ ಮುಗಿಸಿ ಬಂದ ಮೇಲೆ ಎಲ್ಲರೆದುರು ಬಿಚ್ಚಿದರೆ ವಾಲ್ವಿರಬೇಕಾದ ಜಾಗ ಖಾಲಿ.

"ವಾಲ್ವೇ ಹಾಕಿಲ್ವಲ್ಲೋ ಮಾರಯ್ಯ," ಬೈರಪ್ಪ ಕಿರುಚಿದ.

"ಹಾಕಿದ್ದೆ ಬೈರಪ್ನೋರೆ."

"ಹಾಕಿದ್ರೆ ಎಲ್ಲಿ? ಕರಗೋಯ್ತಾ? ಬುದ್ಧಿ ನೆಟ್ಟಗಿದ್ಯಾ ನಿಂಗೆ?"

ಪ್ರಸನ್ನ ಆಗ ಬಾಯಿ ಬಿಡಬಹುದಿತ್ತು. ಆದರೆ ಬೈರಪ್ಪ ಮುಂದಿನ ತಿಂಗಳು ಜೆ.ಪಿ. ನಗರದಲ್ಲಿ ತೆರೆಯಲಿದ್ದ ಎರಡನೇ ಗ್ಯಾರೇಜನ್ನು ಅವನಿಗೇ ವಹಿಸುವುದೆಂದು ಮಾತಾಗಿತ್ತು. ಬಾಯಿ ಬಿಡಲಿಲ್ಲ.

ಹಾಕದಿದ್ದರೆ ಹೊಸ ವಾಲ್ವು ಎಲ್ಲಾದರೂ ಇರಲೇಬೇಕಲ್ಲ ಎಂದು ಮಾರಯ್ಯ ಎರಡು ದಿನ ಗ್ಯಾರೇಜನ್ನೆಲ್ಲ ಜಾಲಾಡಿದ. ಪ್ರಸನ್ನನೂ ಟಾರ್ಚು ಹಿಡಿದು ಅವನ ಹಿಂದೆ ಹುಡುಕಿದ. ಬೆಂಚಿನ ಕೆಳಗೆ ಮಲಗಿ, ಮೈಯೆಲ್ಲ ಗ್ರೀಸು ಮಾಡಿಕೊಂಡು ಹುಡುಕಿದ. ಮೂರನೆಯ ದಿನ ಅವನಿಗೇ ಆ ನಾಟಕ ಸಾಕಾಯಿತು. ವಾಲ್ವನ್ನು ಒರೆಸಿ, ಅದು ಬಂದಿದ್ದ ಡಬ್ಬಿಗೇ ಹಾಕಿ, ಮಾರಯ್ಯ ಊಟಕ್ಕೆ ಕೂತಿದ್ದಾಗ ಅವನ ಡ್ರಾಯರಿನ ತಳದಲ್ಲಿಟ್ಟ. ಆಮೇಲೆ ತಾನೇ ತೆಗೆದು, "ಅಣ್ಣ, ಇಲ್ಲಿದೆ ನೋಡಿ" ಅಂದ. ಮುದುಕನ ಹುಡುಕಾಟವಾದರೂ ನಿಲ್ಲಲಿ ಎಂದುಕೊಂಡಿದ್ದ. ಅದಕ್ಕೆ ಕರುಣೆ ಎಂದು ಹೆಸರು ಬೇರೆ ಇಟ್ಟುಕೊಂಡಿದ್ದ.

ಮಾರಯ್ಯ ಡಬ್ಬಿಯನ್ನು ನೋಡಿದ, ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ. "ಹಾಕ್ದಂಗೇ ಇತ್ತಲ್ಲೋ ನಂಗೆ" ಅಂದ. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

*

"ಅಣ್ಣನ್ನ ಕರ್ಕೊಂಡು ಹೋಗೋ ವ್ಯಾನ್ ಎರಡು ಗಂಟೆಗೆ ಬರುತ್ತಂತೆ," ಎಂದು ಪ್ರಸನ್ನ ಈಶ್ವರಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತ. "ಒಂದ್ಲೋಟ ಕಾಫಿ ಆದ್ರೂ ಕುಡೀರಕ್ಕ."

"ಬೇಡ ಕಣಪ್ಪ." ಅವಳು ಗಾಜಿನ ಮೇಲಿನ ಮಂಜನ್ನು ಸೆರಗಿನಿಂದ ಒರೆಸಿದಳು. "ಹಬ್ಬ ಹಬ್ಬಕ್ಕೂ ಬರ್ತಿದ್ದೆ. ನೀನು ಬಂದ್ರೆ ಅವರಿಗೆ ಖುಷಿ. ನೀನು ಹೋದ್ಮೇಲೆ ಮಾತ್ರ ಕೇಳೋರು, ನಾನೇನಾದ್ರೂ ತಪ್ಪು ಮಾತಾಡಿದ್ನಾ ಅಂತ."

"ಯಾಕೆ?"

"ತಲೆ ಹೋಗ್ತಾ ಇದೆ ಅನ್ನೋ ಭಯ. ಗ್ಯಾಸ್ ಆಫ್ ಮಾಡಿ ನಾಲ್ಕು ಸಲ ಮುಟ್ಟಿ ನೋಡೋರು. ಬಾಗ್ಲು ಹಾಕಿ ಬೀದಿ ತುದಿಯಿಂದ ವಾಪಸ್ ಬರೋರು. ಸಮನ್ವಿತಾನ ಸ್ಕೂಲಿಂದ ಕರ್ಕೊಂಬನ್ನಿ ಅಂದ್ರೆ ಒಲ್ಲೆ ಅನ್ನೋರು. ಮಗೂನ ಎಲ್ಲಾದ್ರೂ ಬಿಟ್ಟು ಮರ್ತು ಬಂದ್ರೆ ಅಂತ. ಒಬ್ಬಳೇ ಮೊಮ್ಮಗಳು. ಒಂದ್ ದಿನ ಅವಳ ಕೈ ಹಿಡ್ದು ರಸ್ತೆ ದಾಟಲಿಲ್ಲ."

ಪ್ರಸನ್ನ ಕೇಳಿದ, "ಡಾಕ್ಟ್ರಿಗೆ ತೋರಿಸ್ಲಿಲ್ವಾ?"

"ತೋರಿಸ್ದೆ. ಸ್ಕ್ಯಾನೂ ಆಯ್ತು. ಏನೂ ಇಲ್ಲಮ್ಮ, ನಿಮ್ಗಿಂತ ಚೆನ್ನಾಗಿ ಜ್ಞಾಪಕ ಇದೆ ಅಂದ್ರು. ಇವರು ನಂಬ್ಬೇಕಲ್ಲ. ಅವರಿಗೇನು ಗೊತ್ತು, ಡ್ರಾಯರಲ್ಲಿ ಇದ್ದಿದ್ದನ್ನ ನಾನೇ ಕಣ್ಣಾರೆ ನೋಡಿದ್ನಲ್ಲ ಅನ್ನೋರು."

ಇಷ್ಟು ವರ್ಷ ಪ್ರಸನ್ನ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಮುದುಕನಿಗೆ ಹೇಗೂ ಅರವತ್ತಾಗಿತ್ತು, ಒಂದೆರಡು ವರ್ಷ ಮೊದಲೇ ಮನೆಯಲ್ಲಿ ಕೂತ, ಅಷ್ಟೇ ತಾನೇ ಎಂದು. ತಾನು ಕಿತ್ತುಕೊಂಡದ್ದು ಕೆಲಸವನ್ನಲ್ಲ, ಅವನಿಗೆ ಅವನ ಮೇಲಿದ್ದ ನಂಬಿಕೆಯನ್ನು ಎಂಬುದು ಈಗ ತಿಳಿಯಿತು. ಎದ್ದು ಹೋಗಬೇಕೆನಿಸಿತು.

*

ಒಂದೂವರೆಗೆ ಮಾರಯ್ಯನನ್ನು ಪೆಟ್ಟಿಗೆಯಿಂದ ತೆಗೆದು ಅಂಗಳದ ಚಾಪೆಯ ಮೇಲೆ ಮಲಗಿಸಿದರು. ಸುಧಾಮಣಿ ಬುದ್ಧನ ಪಟದ ಮುಂದೆ ಮೊಂಬತ್ತಿ ಹಚ್ಚಿ, ಸುತ್ತ ನಿಂತವರ ಕೈಗೂ ಒಂದೊಂದು ಕೊಟ್ಟಳು. ಮಣ್ಣಿಗೆ ಒಯ್ಯುವ ಮೊದಲು ಪಂಚಶೀಲ ಹೇಳುವುದು ಆ ಮನೆಯ ಪದ್ಧತಿ. ಅವಳು ಒಂದೊಂದೇ ಹೇಳಿದಳು, ಜನ ಹಿಂದಿನಿಂದ ಹೇಳಿದರು. ಜೀವ ತೆಗೆಯುವುದಿಲ್ಲ. ಕೊಡದಿದ್ದುದನ್ನು ತೆಗೆದುಕೊಳ್ಳುವುದಿಲ್ಲ. ಎರಡನೆಯದಕ್ಕೇ ಪ್ರಸನ್ನನ ದನಿ ಕುಗ್ಗಿತು. ಮೂರನೆಯದು ಹೇಗೋ ದಾಟಿತು.

"ಸುಳ್ಳು ಹೇಳುವುದಿಲ್ಲ," ಎಂದಳು ಸುಧಾಮಣಿ.

ಎಲ್ಲರೂ ಹೇಳಿದರು. ಎಲ್ಲರ ದನಿ ನಿಂತ ಮೇಲೆ ಪ್ರಸನ್ನನ ಬಾಯಿಂದ ಬೇರೆಯೇ ಮಾತು ಬಂತು.

"ಅಣ್ಣ ವಾಲ್ವು ಹಾಕಿದ್ರು."

"ಏನಣ್ಣ?" ಸುಧಾಮಣಿಗೆ ಅರ್ಥವಾಗಲಿಲ್ಲ.

"ಅವರು ಮರ್ತಿರ್ಲಿಲ್ಲ ಸುಧಾ. ಸರಿಯಾಗೇ ಹಾಕಿದ್ರು. ತೆಗ್ದಿದ್ದು ನಾನು. ಡ್ರಾಯರಲ್ಲಿ ತಂದಿಟ್ಟಿದ್ದೂ ನಾನೇ."

ಬೈರಪ್ಪ ಕುರ್ಚಿಯಿಂದ ಎದ್ದು ನಿಂತ. ಸುಧಾಮಣಿ ಮೊಂಬತ್ತಿಯನ್ನು ಕೆಳಗಿಟ್ಟಳು. "ಒಂಬತ್ತು ವರ್ಷ," ಎಂದಳು. "ಒಂಬತ್ತು ವರ್ಷ ನಮ್ಮಪ್ಪ ಹುಚ್ಚು ಹಿಡೀತಿದೆ ಅಂತ ಹೆದರ್ಕೊಂಡು ಬದುಕಿದ್ರು. ನೀವು ಹಬ್ಬಕ್ಕೆ ಬಂದು ಹೋಳಿಗೆ ತಿಂದ್ಕೊಂಡು ಹೋಗ್ತಿದ್ರಿ. ನಡೀರಿ ಆಚೆ."

ಪ್ರಸನ್ನ ತಿರುಗಿದ.

"ನಿಂತ್ಕೊ," ಎಂದಳು ಈಶ್ವರಮ್ಮ. ಅವಳ ಕಣ್ಣಲ್ಲಿ ನೀರಿರಲಿಲ್ಲ. "ನಮಗೆ ಹೇಳಿದ್ರೆ ಏನು ಬಂತು? ಅವರಿಗೆ ಹೇಳು. ಹೇಳ್ಬಿಟ್ಟು ಹೋಗು."

ಜನ ದಾರಿ ಬಿಟ್ಟರು. ಪ್ರಸನ್ನ ಚಾಪೆಯ ಪಕ್ಕ ಮಂಡಿಯೂರಿ, ಮಾರಯ್ಯನ ಕಿವಿಯ ಹತ್ತಿರ ಬಾಗಿದ. "ಅಣ್ಣ" ಅಂದ.

"ಆ ಕಡೆ ಅಲ್ಲ," ಎಂದಳು ಈಶ್ವರಮ್ಮ. "ಆ ಕಿವಿ ಕೇಳ್ತಿರ್ಲಿಲ್ಲ ಅವರಿಗೆ. ಚಿಕ್ಕಂದಿನಲ್ಲೇ ಹೋಗಿತ್ತು. ಈ ಕಡೆ ಬಾ."

ಹದಿನಾಲ್ಕು ವರ್ಷ ಪಕ್ಕದಲ್ಲಿ ನಿಂತು ಕೆಲಸ ಮಾಡಿದವನಿಗೆ ಅದು ಗೊತ್ತಿರಲಿಲ್ಲ. ಅವನು ಎದ್ದು, ಕಾಲಿನ ಕಡೆಯಿಂದ ಬಳಸಿ, ಬಲಕ್ಕೆ ಬಂದು ಮತ್ತೆ ಮಂಡಿಯೂರಿದ. ಈಶ್ವರಮ್ಮ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿಕೊಟ್ಟಳು. ಆಮೇಲೆ ಗಂಡನ ತಲೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಎರಡು ಬೆರಳಿನಿಂದ ಅವನ ಬಲಗಿವಿಯಲ್ಲಿಟ್ಟಿದ್ದ ಹತ್ತಿಯನ್ನು ಮೆಲ್ಲಗೆ ತೆಗೆದಳು.