ಭಾನುವಾರದ ಫೋಟೋ

"ಹಲ್ಲು ಕಾಣಿಸಪ್ಪಾ, ಹಲ್ಲು! ಬಾಡಿಗೆಗೆ ತಂದ ಹಲ್ಲಲ್ಲ ತಾನೇ?"

ಗುಮಾಸ್ತ ಆಫೀಸಿನ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ನೀರಿನ ಟ್ಯಾಂಕರಿನ ಮುಂದೆ ಮಂಡಿಯೂರಿದ್ದ. ಟ್ಯಾಂಕರಿನ ಡ್ರೈವರ್ ಬಾನೆಟ್ಟಿಗೆ ಒರಗಿ, ಯಾರೋ ಹಲ್ಲು ಕೀಳಲು ಬಂದಿದ್ದಾರೆ ಅನ್ನುವ ಹಾಗೆ ತುಟಿ ಬಿಗಿದು ನಿಂತಿದ್ದ. ಬಕೆಟ್ ಹಿಡಿದು ನೀರಿಗೆ ಸಾಲು ನಿಂತಿದ್ದ ಸೈನಿಕರಿಗೆಲ್ಲ ಪುಕ್ಕಟೆ ತಮಾಷೆ.

"ಬಿಡೋ ಗುಮಾಸ್ತ, ಅವನು ನಕ್ಕರೆ ಟ್ಯಾಂಕರ್ ಕೆಟ್ಟು ನಿಲ್ಲುತ್ತೆ. ಆಮೇಲೆ ನಾನು ಅನ್ನ ಯಾವುದರಲ್ಲಿ ಬೇಯಿಸಲಿ, ನಿನ್ನ ಬೆವರಲ್ಲೇನು?" ಎಂದು ಅಡುಗೆಯವನು ಹಿಂದಿನಿಂದ ಕೂಗಿದ. ಶಿಬಿರದಲ್ಲಿ ಬಾಯಿಗೆ ಬಿಡುವಿಲ್ಲದವನು ಅಂದರೆ ಅವನೊಬ್ಬನೇ.

ಗುಮಾಸ್ತ ಸೋಲುವವನಲ್ಲ. "ಅವತ್ತು ನೀನು ರಿವರ್ಸ್ ತಗೊಂಡು ಕ್ಯಾಪ್ಟನ್ ಸಾಹೇಬ್ರ ಕುರ್ಚಿ ಮೇಲೆ ಹತ್ತಿಸಿದ್ಯಲ್ಲ, ಆಮೇಲೆ ಸಾಹೇಬ್ರು ನನ್ನ ಹತ್ರ ಏನಂದ್ರು ಗೊತ್ತಾ? 'ಆ ಕುರ್ಚಿ ಬದಲು ಹೊಸದಕ್ಕೆ ಬರೆದು ಹಾಕು. ಕಾರಣ ಮಾತ್ರ ಶತ್ರುಗಳ ದಾಳಿ ಅಂತ ಬರೀಬೇಡ' ಅಂದ್ರು."

ಡ್ರೈವರನ ಬಿಗಿದ ತುಟಿ ಸಡಿಲವಾಯಿತು. ತಡೆಯಲು ನೋಡಿದ, ಆಗಲಿಲ್ಲ. ತಲೆ ಹಿಂದಕ್ಕೆ ವಾಲಿಸಿ, ಕಣ್ಣು ಮುಚ್ಚಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಅಷ್ಟರಲ್ಲಿ ಗುಮಾಸ್ತ ನಾಲ್ಕು ಫೋಟೋ ಹೊಡೆದಾಗಿತ್ತು.

ಈ ಶಿಬಿರಕ್ಕೆ ಬಂದ ಮೊದಲ ತಿಂಗಳೇ ಕ್ಯಾಪ್ಟನ್ ಸಾಹೇಬರು ಹುಕುಂ ಮಾಡಿದ್ದರು. ಸೈನಿಕರ ಸ್ವಂತ ಫೋನುಗಳೆಲ್ಲ ಪೆಟ್ಟಿಗೆಯೊಳಗೆ. ವಾರಕ್ಕೊಮ್ಮೆ ಆಫೀಸಿನ ಫೋನಿನಿಂದ ತಲಾ ಹತ್ತು ನಿಮಿಷ ಮನೆಗೆ ಮಾತು. ಅದು ಸಾಲದು ಅಂತ ಪ್ರತಿ ಭಾನುವಾರ ಮನೆಯವರ ಗ್ರೂಪಿಗೆ ಫೋಟೋ ಹೋಗಬೇಕು. ಆಡುವುದು, ಉಣ್ಣುವುದು, ಬಟ್ಟೆ ಒಗೆಯುವುದು, ಏನಾದರೂ ಸರಿ, ಮುಖದಲ್ಲಿ ಕಳೆ ಇರಬೇಕು. ಸೈನ್ಯ ಸೇರುವ ಮೊದಲು ಸ್ಟುಡಿಯೋದಲ್ಲಿ ನಾಲ್ಕು ವರ್ಷ ಮದುವೆ ಫೋಟೋ ತೆಗೆದಿದ್ದ ಗುಮಾಸ್ತನಿಗೆ ಈ ಕೆಲಸ ತಾನಾಗಿಯೇ ಬಂತು. ಅಳುವ ಮದುಮಗಳನ್ನೇ ನಗಿಸಿದವನಿಗೆ ಇವರೇನು ಮಹಾ?

ಹಾಗೆ ನೋಡಿದರೆ ಅಲ್ಲಿ ನಗುವಂಥದ್ದು ಏನಿತ್ತು, ಹೇಳಿ. ತಗಡಿನ ಶೆಡ್ಡುಗಳು, ಮರಳಿನ ಚೀಲದ ಗೋಡೆ, ಸುತ್ತ ಬೋಳು ಕಲ್ಲುಗುಡ್ಡ. ಊಟದಲ್ಲಿ ಧೂಳು, ಹಾಸಿಗೆಯಲ್ಲಿ ಧೂಳು. ನಾಲ್ಕು ಗಂಟೆ ಪಹರೆ, ನಾಲ್ಕು ಗಂಟೆ ನಿದ್ದೆ, ಮತ್ತೆ ಪಹರೆ. ವಾರಕ್ಕೊಂದು ಸ್ನಾನ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಹಾಗೆ ಭಾನುವಾರ ಮಾತ್ರ ಎಲ್ಲರೂ ತಲೆ ಬಾಚಿಕೊಂಡು ಬರುತ್ತಿದ್ದರು. ಯಾರಿಗೂ ಅದು ಸುಳ್ಳು ಅನ್ನಿಸುತ್ತಿರಲಿಲ್ಲ. ಮನೆಯವರು ನಿಶ್ಚಿಂತೆಯಿಂದಿದ್ದರೆ ಸಾಕು ಅಂತ ಪ್ರತಿಯೊಬ್ಬನಿಗೂ ಇತ್ತು.

ಗುಮಾಸ್ತನಿಗೆ ಇನ್ನೊಂದು ಸುಖವೂ ಸಿಕ್ಕಿತ್ತು, ಫೋಟೋ ನೋಡಿದ ಮನೆಯವರು ಅವನಿಗೇ ಬರೆಯುತ್ತಿದ್ದರು. "ನಮ್ಮವರು ಸ್ವಲ್ಪ ಇಳಿದು ಹೋಗಿದ್ದಾರಲ್ಲಾ ಅಣ್ಣಾ?" "ಅವನಿಗೆ ಸ್ವೆಟರ್ ಹಾಕ್ಕೊಳ್ಳೋಕೆ ಹೇಳಪ್ಪಾ, ನಾವು ಹೇಳಿದ್ರೆ ಕೇಳಲ್ಲ." ಎಲ್ಲೆಲ್ಲಿಯದೋ ಮನೆಗಳ ತಾಯಂದಿರಿಗೆ ಅವನು ಮಗ, ಹೆಂಡಂದಿರಿಗೆ ಅಣ್ಣ. ಕಷ್ಟದ ಸುದ್ದಿ ಇದ್ದರೆ ಮನೆಯವರು ಮೊದಲು ಅವನ ಕಿವಿಗೆ ಹಾಕುವುದು ರೂಢಿಯಾಯಿತು. ಯಾವುದನ್ನು, ಯಾವಾಗ, ಹೇಗೆ ಹೇಳಬೇಕು ಅಂತ ಅವನಿಗೆ ಗೊತ್ತು ಅಂತ ಅವರ ನಂಬಿಕೆ. ಅವನೂ ಹಾಗೇ ನಂಬಿದ, ಅದೇ ತಪ್ಪಾಯಿತು.

ಆ ಫೋಟೋ ಹೋದ ಎರಡನೆಯ ದಿನ, ಮಂಗಳವಾರ ಬೆಳಿಗ್ಗೆ, ಡ್ರೈವರನ ಅತ್ತಿಗೆಯ ಸಂದೇಶ ಬಂತು.

"ಅಣ್ಣಾ, ನಮ್ಮ ಯಜಮಾನರನ್ನ ಆಸ್ಪತ್ರೆಗೆ ಸೇರಿಸಿದ್ದೀವಿ. ಹೃದಯ ತುಂಬಾ ಸೋತಿದೆಯಂತೆ. ತಮ್ಮನಿಗೆ ಹೇಳೋಣ ಅಂದ್ರೆ ಇವರು ಬೇಡ ಅಂತಾರೆ. ನೀವು ಕಳಿಸಿದ ಫೋಟೋ ನೋಡಿ, ಎಷ್ಟು ದಿನದ ಮೇಲೆ ನಕ್ಕಿದ್ದಾನೆ, ಯಾಕೆ ಕೆಡಿಸ್ತೀಯಾ ಅಂತಾರೆ. ನನಗೆ ಏನೂ ತೋಚ್ತಿಲ್ಲ. ನೀವು ದಿನಾ ಅವನನ್ನ ನೋಡ್ತೀರಿ. ಹೇಳಲಾ, ಬೇಡವಾ? ನೀವು ಹೇಗೆ ಹೇಳ್ತೀರೋ ಹಾಗೆ."

ಡ್ರೈವರಿಗೆ ಅಣ್ಣನೇ ತಂದೆ, ತಾಯಿ ಎಲ್ಲ. ಅಣ್ಣ ಬಾಡಿಗೆ ಲಾರಿ ಓಡಿಸಿ ಅವನನ್ನು ಸಾಕಿದ್ದ, ತನ್ನ ತೊಡೆಯ ಮೇಲೆ ಕೂರಿಸಿಕೊಂಡು ಸ್ಟಿಯರಿಂಗ್ ಹಿಡಿಸಿದ್ದ. ಇದು ಗುಮಾಸ್ತನಿಗೆ ಗೊತ್ತಿಲ್ಲದ ವಿಷಯವಲ್ಲ. ಅವನು ಎದ್ದು ಕಿಟಕಿಯ ಹತ್ತಿರ ಹೋದ. ಡ್ರೈವರ್ ಟ್ಯಾಂಕರಿನ ಚಕ್ರಕ್ಕೆ ಗಾಳಿ ತುಂಬುತ್ತಾ, ಅಡುಗೆಯವನ ಜೊತೆ ಏನೋ ಜಗಳವಾಡುತ್ತಿದ್ದ. ಮೂರು ತಿಂಗಳಲ್ಲಿ ಅವನು ತಾನಾಗಿ ಯಾರ ಜೊತೆಗಾದರೂ ಮಾತಿಗೆ ಇಳಿದದ್ದು ಅದೇ ಮೊದಲು. ಇನ್ನೊಬ್ಬ ಟ್ಯಾಂಕರ್ ಡ್ರೈವರ್ ರಜೆಯಲ್ಲಿದ್ದ, ಇವನೂ ಹೊರಟರೆ ಶಿಬಿರಕ್ಕೆ ನೀರಿಲ್ಲ, ಸಾಹೇಬರು ಸಿಡಿಮಿಡಿಗುಟ್ಟುತ್ತಾರೆ. ಹೇಗೂ ಹನ್ನೆರಡು ದಿನ ಕಳೆದರೆ ಇವನದೇ ರಜೆ. ಹನ್ನೆರಡು ದಿನ ಏನು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಂತು.

"ಈಗ ಬೇಡ ಅಕ್ಕಾ. ತುಂಬಾ ಖುಷಿಯಾಗಿದ್ದಾನೆ. ರಜೆಗೆ ಬಂದಾಗ ಎದುರಿಗೇ ನೋಡ್ತಾನೆ" ಎಂದು ಬರೆದು ಕಳಿಸಿದ.

ಶನಿವಾರ ಡ್ರೈವರನ ಹತ್ತು ನಿಮಿಷದ ಸರದಿ ಬಂತು. ಗುಮಾಸ್ತನ ಮೇಜಿನ ಎದುರಿನ ಸ್ಟೂಲಿನಲ್ಲಿ ಕೂತು, ಕೈಗೆ ಮೆತ್ತಿದ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡು ಫೋನ್ ಹಿಡಿದ.

"ಅತ್ತಿಗೇ, ಅಣ್ಣ ಎಲ್ಲಿ?... ಬಾಡಿಗೆಗೆ ಹೋಗಿದ್ದಾನಾ? ಶನಿವಾರ ನಾನು ಫೋನ್ ಮಾಡ್ತೀನಿ ಅಂತ ಗೊತ್ತಿಲ್ವಾ ಅವನಿಗೆ?... ಏನಿಲ್ಲ, ಇಲ್ಲಿ ಗಾಡಿ ಕ್ಲಚ್ ಜಾರ್ತಿದೆ. ಅವನನ್ನ ಒಂದು ಮಾತು ಕೇಳೋಣ ಅಂತಿದ್ದೆ... ನಿಮ್ಮ ಗಂಟಲು ಯಾಕೆ ಹಾಗಿದೆ?... ಶೀತಾನಾ? ಬಿಸಿನೀರು ಕುಡೀರಿ."

ಗುಮಾಸ್ತ ರಜೆಯ ಅರ್ಜಿಗಳ ಕಡತದೊಳಗೆ ಮುಖ ಹುದುಗಿಸಿ ಕೂತಿದ್ದ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಇನ್ನೂ ನಾಲ್ಕು ನಿಮಿಷ ಉಳಿದಿತ್ತು, 'ಆಸ್ಪತ್ರೆಗೆ ಫೋನ್ ಮಾಡು' ಅಂದಿದ್ದರೆ ಸಾಕಾಗಿತ್ತು. ಅನ್ನಲಿಲ್ಲ. ಒಂದು ಸಲ ಬೇಡ ಅಂದಮೇಲೆ ಈಗ ಹೇಗೆ ಹೇಳುವುದು, ಆ ಹೆಂಗಸು ಈಗಷ್ಟೇ ಸುಳ್ಳು ಹೇಳಿಯಾಗಿದೆ, ಅದನ್ನು ಬಯಲು ಮಾಡಿದ ಹಾಗಾಗುತ್ತದೆ. ಇಂಥ ಕಾರಣಗಳಿಗೇನು ಬರ? ಡ್ರೈವರ್ ಉಳಿದ ನಿಮಿಷಗಳನ್ನು ಮುಂದಿನವನಿಗೆ ಬಿಟ್ಟುಕೊಟ್ಟು ಎದ್ದು ಹೋದ.

ಅಣ್ಣ ತೀರಿಕೊಂಡದ್ದು ಸೋಮವಾರ ಮಧ್ಯಾಹ್ನ. ಸುದ್ದಿಯನ್ನು ಸಾಹೇಬರೇ ಡ್ರೈವರನ್ನು ಕರೆದು ಕೂರಿಸಿ ಹೇಳಿದರು. ಗುಮಾಸ್ತ ರಜೆಯ ಕಾಗದವನ್ನು ಹತ್ತು ನಿಮಿಷದಲ್ಲಿ ಟೈಪ್ ಮಾಡಿ, ಓಡಿ ಹೋಗಿ ಸಹಿ ಹಾಕಿಸಿ, ಸಾಮಾನಿನ ಗಾಡಿಯಲ್ಲಿ ಸೀಟು ಹಿಡಿದು, ಅವನ ಚೀಲವನ್ನು ತಾನೇ ತುಂಬಿದ. ಡ್ರೈವರ್ ಅವನ ಕೈ ಹಿಡಿದು, "ನೀನಿದ್ದಿದ್ದಕ್ಕೆ ಆಯ್ತು ಕಣೋ" ಅಂದ. ಗುಮಾಸ್ತ ಕೈ ಬಿಡಿಸಿಕೊಂಡು ಚೀಲವನ್ನು ಗಾಡಿಗೆ ಎತ್ತಿಟ್ಟ. ಆ ವಾರ ಅವನು ಸರಿಯಾಗಿ ಊಟ ಮಾಡಲಿಲ್ಲ.

ಮೂರು ವಾರದ ಮೇಲೆ ಡ್ರೈವರ್ ಹಿಂದಿರುಗಿದ. ರಜೆಯ ಚೀಟಿ ಒಪ್ಪಿಸಲು ಆಫೀಸಿಗೆ ಬಂದವನು, ಚೀಟಿ ಕೊಟ್ಟು ಹೋಗದೆ ಸ್ಟೂಲಿನ ಮೇಲೆ ಕೂತುಬಿಟ್ಟ. ಕೆನ್ನೆ ಗುಳಿ ಬಿದ್ದಿತ್ತು.

"ನಾನು ಹೋಗೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಮುಖ ನೋಡೋಕೂ ಸಿಗಲಿಲ್ಲ."

ಗುಮಾಸ್ತ ಚೀಟಿಯನ್ನು ಕಡತಕ್ಕೆ ಸೇರಿಸಿದ.

"ಆರು ದಿನ ಆಸ್ಪತ್ರೇಲಿದ್ದನಂತೆ ಕಣೋ. ಆರು ದಿನ! ಭಾನುವಾರ ರಾತ್ರಿಯೆಲ್ಲ 'ಬಂದ್ನಾ, ಬಂದ್ನಾ' ಅಂತ ಬಾಗಿಲು ನೋಡ್ತಿದ್ದನಂತೆ. ಪಕ್ಕದ ಮಂಚದವರು ಹೇಳಿದ್ರು. ಶನಿವಾರ ಫೋನಲ್ಲಿ ಅತ್ತಿಗೆ ನನಗೆ ಏನು ಹೇಳಿದ್ರು? ಬಾಡಿಗೆಗೆ ಹೋಗಿದ್ದಾನೆ ಅಂತ. ಆಸ್ಪತ್ರೆ ವರಾಂಡದಲ್ಲಿ ನಿಂತ್ಕೊಂಡು ಹಾಗಂದ್ರಂತೆ. ಯಾಕೆ ಹೇಳಲಿಲ್ಲ ಅಂತ ಕೇಳಿದ್ರೆ ಅಳ್ತಾರೆ, ಬಾಯೇ ಬಿಡಲ್ಲ. ಕೈಯಾರೆ ಅನ್ನ ಹಾಕಿ ಬೆಳೆಸಿದವರು, ಕೊನೆಗೆ ನನ್ನನ್ನ ಹೊರಗಿನವನನ್ನಾಗಿ ಮಾಡಿಬಿಟ್ರು." ಅವನು ಗೋಡೆಯ ಕಡೆ ತಿರುಗಿದ. "ಬರುವಾಗ ಅವರಿಗೆ ಒಂದು ಮಾತೂ ಹೇಳದೆ ಬಂದೆ. ಇನ್ನು ಆ ಮನೆ ಹೊಸಿಲು ತುಳಿಯಲ್ಲ."

ಆ ಹೆಂಗಸು ಗುಮಾಸ್ತನ ಹೆಸರೆತ್ತಿಲ್ಲ! ಗಂಡನನ್ನು ಕಳೆದುಕೊಂಡು ಕೂತವಳು, ಮಗನ ಹಾಗಿದ್ದ ಮೈದುನನ ಸಿಟ್ಟನ್ನೂ ಹೊತ್ತುಕೊಂಡಳು. ದೂರದ ಶಿಬಿರದಲ್ಲಿ ಇವರಿಬ್ಬರು ಒಂದೇ ತಟ್ಟೆಯಲ್ಲಿ ಉಣ್ಣುವವರು, ಜಗಳವಾಗಬಾರದು ಅಂತ ನುಂಗಿಕೊಂಡಿದ್ದಳು. ತಾನೂ ಸುಮ್ಮನಿದ್ದರೆ ಇದು ಇಲ್ಲಿಗೇ ಮುಚ್ಚಿಹೋಗುತ್ತದೆ ಅಂತ ಅವನಿಗೆ ತಿಳಿಯಿತು. ತನ್ನ ಗೆಳೆತನ ಉಳಿಯುತ್ತದೆ, ಅವಳಿಗೆ ಇದ್ದೊಬ್ಬ ಮೈದುನನೂ ಹೋಗುತ್ತಾನೆ.

"ಅವರು ನನ್ನನ್ನ ಕೇಳಿದ್ರು" ಅಂದ.

"ಏನನ್ನ?"

"ನಿನಗೆ ಹೇಳಬೇಕಾ ಬೇಡವಾ ಅಂತ. ಮೊದಲನೇ ದಿನಾನೇ ಕೇಳಿದ್ರು. ನಾನೇ ಬೇಡ ಅಂದೆ."

ಗುಮಾಸ್ತ ಫೋನಿನಲ್ಲಿ ಆ ಸಂದೇಶ ಹುಡುಕಿ ತೆಗೆದು ಮುಂದೆ ಹಿಡಿದ. ಡ್ರೈವರ್ ಅದನ್ನು ಓದಿದ, ಕೆಳಗಿನ ಉತ್ತರವನ್ನೂ ಓದಿದ, ಮತ್ತೆ ಮೊದಲಿನಿಂದ ಓದಿದ.

"ಶನಿವಾರ ನಾನು ಮಾತಾಡುವಾಗ ನೀನು ಇಲ್ಲೇ ಕೂತಿದ್ದೆ."

"ಕೂತಿದ್ದೆ."

"ಕ್ಲಚ್ಚಿನ ವಿಷಯ ಮಾತಾಡ್ತಿದ್ದೆ ನಾನು."

"ಹೌದು. ತಪ್ಪಾಯ್ತು. ನಿನ್ನ ಮನಸ್ಸಿಗೆ ಕಷ್ಟ ಆಗುತ್ತೆ ಅಂತ... ನೀರಿನ ಗಾಡಿಗೂ ಬೇರೆ ಯಾರೂ ಇರಲಿಲ್ಲ... ಏನೋ ಒಂದು ಅಂದ್ಕೊಂಡೆ. ತಪ್ಪಾಯ್ತು ಕಣೋ, ಇನ್ನೇನು ಹೇಳಲಿ?"

"ಅತ್ತಿಗೆ ನಿನ್ನನ್ನ ಕೇಳಲಿಲ್ಲ. ನನ್ನನ್ನ ಕೇಳೋಕೆ ದಾರಿ ಇರಲಿಲ್ಲ, ಅದಕ್ಕೆ ನಿನ್ನ ಹತ್ರ ಬಂದ್ರು." ಅವನ ಧ್ವನಿ ಏರಲಿಲ್ಲ. ಹೊಡೆದಿದ್ದರೆ ಗುಮಾಸ್ತ ತಡೆದುಕೊಳ್ಳುತ್ತಿದ್ದ. "ಅವರ ನಂಬರ್ ಒತ್ತಿ ಕೊಡು. ನೀನು ಹೊರಗೆ ಹೋಗು."

ಗುಮಾಸ್ತ ಹೊರಗೆ ಬಂದು ಬಿಸಿಲಲ್ಲಿ ನಿಂತ. ಬೆನ್ನ ಹಿಂದೆ, ತಗಡಿನ ಬಾಗಿಲಿನ ಆಚೆ, "ಅತ್ತಿಗೇ" ಅನ್ನುವುದು ಒಂದು ಸಲ ಕೇಳಿಸಿತು.

ಅವತ್ತಿನಿಂದ ಡ್ರೈವರ್ ಅವನ ಜೊತೆ ಕೆಲಸಕ್ಕೆ ಬೇಕಾದಷ್ಟು ಮಾತಾಡಿದ. ಡೀಸೆಲ್ ಇಷ್ಟು, ನೀರು ಇಷ್ಟು, ಸಹಿ ಎಲ್ಲಿ. ಊಟಕ್ಕೆ ಬೇರೆ ಕಡೆ ಕೂತ. ಶನಿವಾರ ಅತ್ತಿಗೆಯ ಜೊತೆ ಹತ್ತಕ್ಕೆ ಹತ್ತು ನಿಮಿಷ ಮಾತಾಡುತ್ತಿದ್ದ, ಅಷ್ಟು ಮಾತ್ರ ಗುಮಾಸ್ತನಿಗೆ ಸಮಾಧಾನ. ಭಾನುವಾರ ಫೋಟೋ ಹೊತ್ತಿಗೆ ಡ್ರೈವರ್ ಟ್ಯಾಂಕರಿನ ಅಡಿಗೆ ತೂರಿಕೊಳ್ಳುತ್ತಿದ್ದ, ಗುಮಾಸ್ತ ಕರೆಯುತ್ತಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅಂತ ತನ್ನನ್ನೇ ಬೈದುಕೊಂಡರೂ, ಆ ಬುದ್ಧಿಯಿಂದ ಇನ್ನು ಯಾರಿಗೆ ಏನು ಉಪಯೋಗ ಅಂತ ಹೊಳೆಯುತ್ತಿರಲಿಲ್ಲ.

ಒಂದು ಗುರುವಾರ ಮಧ್ಯಾಹ್ನ ಫೋನ್ ಸದ್ದು ಮಾಡಿತು. ಬರೆದವಳು ಅಡುಗೆಯವನ ಹೆಂಡತಿ. ಏಳು ತಿಂಗಳ ಗರ್ಭ ನಿಲ್ಲಲಿಲ್ಲ. ತಾನು ಹುಷಾರಾಗಿದ್ದೇನೆ, ತವರಿನಲ್ಲಿದ್ದೇನೆ ಅಂತ ಬರೆದಿದ್ದಳು. "ಅವರು ಎಲ್ಲರನ್ನೂ ನಗಿಸಿಕೊಂಡು ಇರೋರು. ಹೇಗೆ ತಡ್ಕೋತಾರೋ ಗೊತ್ತಿಲ್ಲ. ಹೇಳೋದಾ, ಇಲ್ಲಾ ಊರಿಗೆ ಬರೋತನಕ ಬಿಡೋದಾ? ನೀವೇ ಹೇಳಿ ಅಣ್ಣಾ."

ಗುಮಾಸ್ತ ಉತ್ತರ ಬರೆಯಲಿಲ್ಲ. ಸಾಹೇಬರ ಕೋಣೆಯ ಕಡೆಗೂ ಹೋಗಲಿಲ್ಲ. ಫೋನನ್ನು ಕೈಯಲ್ಲಿ ಹಿಡಿದು ನೆಟ್ಟಗೆ ಅಡುಗೆ ಶೆಡ್ಡಿಗೆ ನಡೆದ. ನಡೆಯುತ್ತಾ ಮೊದಲ ಮಾತು ಏನಿರಬೇಕು ಅಂತ ಯೋಚಿಸಿದ, ಬಾಗಿಲಿಗೆ ಬಂದರೂ ಅದು ಸಿಕ್ಕಿರಲಿಲ್ಲ.

ಒಳಗೆ ಹೊಗೆ. ಅಡುಗೆಯವನು ದೊಡ್ಡ ಪಾತ್ರೆಯ ಮುಂದೆ ನಿಂತು ತರಕಾರಿ ಹೆಚ್ಚುವವರಿಗೆ ಏನೋ ಕಥೆ ಹೇಳುತ್ತಿದ್ದ. ಬಾಗಿಲಲ್ಲಿ ಗುಮಾಸ್ತನನ್ನು ಕಂಡ, ಅವನ ಕೈಯಲ್ಲಿದ್ದ ಫೋನನ್ನು ಕಂಡ.

"ಓಹೋ, ಇವತ್ತು ಗುರುವಾರಾನೇ ಬಂದುಬಿಟ್ಯಾ? ಇರು, ಇರು, ನಮ್ಮವಳು ನೋಡ್ತಾಳೆ" ಎಂದು ಹೆಗಲ ಮೇಲಿನ ಬಟ್ಟೆಯಿಂದ ಮುಖದ ಬೆವರು ಒರೆಸಿಕೊಂಡ. ಟೋಪಿ ಸರಿಮಾಡಿಕೊಂಡ. ಸೌಟನ್ನು ಎದೆಗೆ ಅಡ್ಡ ಹಿಡಿದು, ಬೆಳಕಿರುವ ಕಡೆಗೆ ಒಂದು ಹೆಜ್ಜೆ ಮುಂದೆ ಬಂದು ನಕ್ಕು ನಿಂತ.