ನಿಮಿಷಪ್ಪನ ಮನೆಯ ಅಪ್‌ಡೇಟು

ಯುದ್ಧ, ಕ್ಷಾಮ, ಸಾಂಕ್ರಾಮಿಕ ರೋಗ, ಇವೆಲ್ಲ ಮನುಕುಲದ ನೆಮ್ಮದಿ ಕೆಡಿಸುವ ಸಂಗತಿಗಳು. ಬಸ್ ನಿಲ್ದಾಣದ ಹಿಂದಿನ ರಸ್ತೆಯ ಎರಡನೇ ಮಹಡಿಯಲ್ಲಿ ಒಂದು ಕಂಪ್ಯೂಟರು ಹಟ ಹಿಡಿದು ಅಪ್‌ಡೇಟ್ ಆಗದೆ ಹೋದದ್ದೂ ನ್ಯಾಯವಾಗಿ ಇದೇ ಸಾಲಿನಲ್ಲಿ ಕೂರಬೇಕು. ಪತ್ರಿಕೆಗಳು ಅದನ್ನು ಗಮನಿಸಲಿಲ್ಲ, ಕೆಳಗಿನ ಮನೆಯವರಿಗೂ ಗೊತ್ತಾಗಲಿಲ್ಲ. ಆದರೆ ಆ ಮನೆಯ ಟೈಪಿಸ್ಟಮ್ಮನಿಗೆ ಮಂಗಳವಾರದಿಂದ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಟೈಪಿಸ್ಟಮ್ಮ ಎಂಬ ಹೆಸರು ವಕೀಲರ ಆಫೀಸಿನಲ್ಲಿ ಅಂಟಿಕೊಂಡದ್ದು. ವಕೀಲರಿಗೆ ವಯಸ್ಸಾಗಿ ಆಫೀಸಿಗೆ ಬೀಗ ಬಿತ್ತು. ಹೆಸರು ಮಾತ್ರ ಅವಳ ಜೊತೆ ಮನೆಗೆ ಬಂತು. ಬಂದ ಮೇಲೆ ಅವಳ ಬೆರಳುಗಳು ಕೆಲಸವಿಲ್ಲದೆ, ಟಿವಿಯಲ್ಲಿ ಯಾರಾದರೂ ಮಾತಾಡಿದರೆ ಊಟದ ಮೇಜಿನ ಅಂಚಿನ ಮೇಲೆ ಆ ಮಾತನ್ನೇ ಟೈಪು ಮಾಡುತ್ತಿದ್ದವು. ಸುದ್ದಿ ಓದುವವಳು ತಪ್ಪಿ ನಿಲ್ಲಿಸಿದಲ್ಲಿ ಇವಳ ಬೆರಳೂ ನಿಲ್ಲುತ್ತಿತ್ತು.

ಗಂಡ ಗಡಿಯಾರ ರಿಪೇರಿಯವನು. ರಸ್ತೆಯವರು ಅವನಿಗಿಟ್ಟ ಹೆಸರು ನಿಮಿಷಪ್ಪ. ಅವನು ಅಂಗಡಿಯ ಶಟರ್ ಎತ್ತುವ ಸದ್ದು ಕೇಳಿ ಎದುರು ಮನೆಯವರು ತಮ್ಮ ಫೋನು ಸರಿಯಾದ ಟೈಮು ತೋರಿಸುತ್ತಿದೆಯೇ ಎಂದು ಪರೀಕ್ಷಿಸಿಕೊಳ್ಳುತ್ತಿದ್ದರು. ಕೀ ಕೊಡುವ ಗಡಿಯಾರವೇ ಗಡಿಯಾರ, ಸೆಲ್ಲಿನದು ಆಟಿಕೆ ಎಂಬುದು ಅವನ ಸಿದ್ಧಾಂತ. ಸೆಲ್ಲು ಮಾರುವುದು ಮಾತ್ರ ಹೊಟ್ಟೆಪಾಡು. ಒಳ್ಳೆಯ ಮನುಷ್ಯ. ಹೆಂಡತಿ ಮನೆಯಲ್ಲಿ ಕುಳಿತು ಮಂಕಾಗುವುದನ್ನು ನೋಡಲಾರದೆ ಒಂದು ದಿನ ಹೇಳಿದ:

"ಒಬ್ಳೇ ಕೂತು ಏನ್ಮಾಡ್ತೀಯ? ಅಂಗಡಿಗೆ ಬಾ. ವಾಚ್ ಪಟ್ಟಿಗೆ ತೂತು ಹೊಡ್ಕೊಡು, ಸೆಲ್ ಕೇಳೋರಿಗೆ ಸೆಲ್ ಕೊಡು. ಹೊತ್ತು ಹೋಗತ್ತೆ."

ಆ ಅಂಗಡಿ ಒಂದು ಬೀರುವಿನಷ್ಟು ಅಗಲ. ಮೂರು ಗೋಡೆಯ ತುಂಬ ಗಡಿಯಾರ. ಅಲ್ಲಿ ಹೊತ್ತು ಹೋಗುವುದಿಲ್ಲ, ಟಿಕ್ ಟಿಕ್ ಎಂದು ತಲೆಯ ಮೇಲೆ ಬೀಳುತ್ತದೆ. ಮನೆಯಲ್ಲಿ ಎದ್ದಾಗಿನಿಂದ ಮಲಗುವವರೆಗೆ ಅವನ ಟೈಮೇ ನಡೆಯುವುದು. ಕಾಫಿ ಎರಡು ನಿಮಿಷ ತಡವಾದರೆ ಬೈಯುವುದಿಲ್ಲ, ಸುಮ್ಮನೆ ಮಣಿಕಟ್ಟು ನೋಡಿಕೊಳ್ಳುತ್ತಾನೆ. ಬೈದಿದ್ದರೆ ಚೆನ್ನಾಗಿತ್ತು. ಇನ್ನು ಹಗಲನ್ನೂ ಅವನಿಗೇ ಒಪ್ಪಿಸುವುದೆಂದರೆ? "ನೋಡೋಣ ರೀ" ಎಂದು ಅವಳು ದಿನ ತಳ್ಳುತ್ತಿದ್ದಳು.

ಅಷ್ಟರಲ್ಲಿ ಈ ಕೆಲಸ ಸಿಕ್ಕಿತು. ಆಸ್ಪತ್ರೆಗಳ ಡಾಕ್ಟರುಗಳು ಗೊಣಗಿದ್ದನ್ನು ಕಿವಿಗೆ ಹಾಕಿಕೊಂಡು ಟೈಪು ಮಾಡಿ ಕಳಿಸುವ ಕಂಪನಿ. ಮನೆಯಿಂದಲೇ ಕೆಲಸ. ಫೋನಿನಲ್ಲಿ ಪರೀಕ್ಷೆ ಮಾಡಿದ ಹುಡುಗಿ, "ಮೇಡಂ, ನೀವು ಇಷ್ಟು ಸ್ಪೀಡಾ!" ಎಂದು ಬೆರಗಾಗಿದ್ದಳು. ಒಂದೇ ಷರತ್ತು: ಕಂಪ್ಯೂಟರಿಗೆ ಹೊಸ ಅಪ್‌ಡೇಟ್ ಹಾಕಿ, ಕಂಪನಿಯ ಪ್ರೋಗ್ರಾಮಿನಲ್ಲಿ ಹಸಿರು ಗುರುತು ಬರಿಸಬೇಕು. ಶುಕ್ರವಾರ ಸಂಜೆ ಐದರೊಳಗೆ. ಬರದಿದ್ದರೆ ಆ ಜಾಗ ಸಾಲಿನಲ್ಲಿ ಮುಂದಿರುವವರಿಗೆ.

ಅವಳು ಅಪ್‌ಡೇಟ್ ಒತ್ತಿದಳು. ಅದು ಸ್ವಲ್ಪ ಹೊತ್ತು ಯೋಚಿಸಿ, ಆಗಲಿಲ್ಲ, ಮತ್ತೆ ಪ್ರಯತ್ನಿಸಿ ಎಂದಿತು. ಮತ್ತೆ ಪ್ರಯತ್ನಿಸಿದಳು. ಅದೂ ಮತ್ತೆ ಅದನ್ನೇ ಹೇಳಿತು. ಇಬ್ಬರಿಗೂ ತಾಳ್ಮೆಯಿತ್ತು.

ಬುಧವಾರ ತಮ್ಮನಿಗೆ ಫೋನ್ ಮಾಡಿದಳು. ತಮ್ಮ ಔಷಧಿ ಕಂಪನಿಯ ಸೇಲ್ಸ್‌ನವನು. ಆದರೆ ಬಂಧುಬಳಗದಲ್ಲಿ ಯಾರ ಕಂಪ್ಯೂಟರು ಕೆಮ್ಮಿದರೂ ನಾಡಿ ಹಿಡಿಯುವವನು ಅವನೇ.

"ರೀಸ್ಟಾರ್ಟ್ ಮಾಡಿದ್ಯಾ ಅಕ್ಕಾ?"

"ಮಾಡ್ದೆ."

"ಸರಿಯಾಗಿ ಮಾಡಿದ್ಯಾ?"

"ಸರಿಯಾಗಿ ಮಾಡೋದು ಅಂದ್ರೆ ಹೇಗೋ? ಸ್ನಾನ ಮಾಡ್ಕೊಂಡು ಬಂದು ಮಾಡ್ಬೇಕಾ?"

ತಮ್ಮ ನಗಲಿಲ್ಲ, ವೈದ್ಯರು ರೋಗಿಯ ಹಾಸ್ಯಕ್ಕೆ ನಗುವುದಿಲ್ಲ. ಜಾಗ ಖಾಲಿ ಮಾಡು ಎಂದ. ಅವಳು ಹಳೆಯ ಫೋಟೋಗಳನ್ನು ಪೆನ್‌ಡ್ರೈವಿಗೆ ಸಾಗಿಸಿದಳು. ಆ್ಯಂಟಿವೈರಸ್ ನಿಲ್ಲಿಸು ಎಂದ, ನಿಲ್ಲಿಸಿದಳು. ರೂಟರ್ ಆರಿಸಿ ಹಚ್ಚು ಎಂದ, ಹಚ್ಚಿದಳು. ಕಂಪ್ಯೂಟರಿನೊಳಗೇ ದೋಷ ಹುಡುಕುವ ಪ್ರೋಗ್ರಾಮು ಒಂದಿದೆ, ಅದನ್ನು ಓಡಿಸು ಎಂದ. ಅದು ಓಡಿತು, ಎಲ್ಲ ಮೂಲೆಗೂ ಹೋಗಿ ಬಂತು, ಯಾವ ದೋಷವೂ ಕಂಡುಬಂದಿಲ್ಲ ಎಂದು ಪ್ರಮಾಣ ಮಾಡಿ ಹೇಳಿತು.

"ಇನ್ನೇನಾದ್ರೂ ಹೇಳ್ತಿದ್ಯಾ ಅದು? ಯಾವುದಾದ್ರೂ ಮೆಸೇಜು?"

ಟೈಪಿಸ್ಟಮ್ಮ, "ಇಲ್ಲ ಕಣೋ" ಎಂದಳು.

ಹೇಳಿತ್ತು. ಮಂಗಳವಾರ ಮೊದಲ ಸಲ ಕಂಪನಿಯ ಪುಟ ತೆರೆಯಲು ಹೋದಾಗಲೇ ಹೇಳಿತ್ತು: ನಿಮ್ಮ ಗಡಿಯಾರ ಹಿಂದಿದೆ. ಅದನ್ನು ಓದುವ ಹೊತ್ತಿಗೆ ಬೆನ್ನ ಹಿಂದೆ ನಿಮಿಷಪ್ಪ ನಿಂತಿದ್ದ.

ಇಲ್ಲಿ ಆ ಮನೆಯ ಒಂದು ಪದ್ಧತಿಯನ್ನು ತಿಳಿದಿರಬೇಕು. ಅಂಗಡಿಗೆ ಹೊರಡುವಾಗಲೂ ಮಲಗುವಾಗಲೂ ನಿಮಿಷಪ್ಪ ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸುತ್ತಿದ್ದ. ಆರಿಸಿ ಹಚ್ಚಿದಾಗಲೆಲ್ಲ ಕಂಪ್ಯೂಟರಿನ ಟೈಮು ದಿಕ್ಕು ತಪ್ಪಿರುತ್ತಿತ್ತು, ಒಂದೆರಡು ತಿಂಗಳಿಂದ ಹೀಗೆ. ಕರೆಂಟಿನ ಯಂತ್ರ, ಕರೆಂಟು ಹೋದರೆ ಟೈಮು ಮರೆಯುತ್ತದೆ, ಸಹಜ ಎಂದು ಅವನ ತೀರ್ಮಾನ. ಕಂಪ್ಯೂಟರು ತಾನೇ ಟೈಮು ತಂದುಕೊಳ್ಳುವ ಏರ್ಪಾಡನ್ನು ಅವನು ಎಂದೋ ಬಂದ್ ಮಾಡಿದ್ದ: "ನನ್ನ ಮನೇಲಿ ಟೈಮು ಹೊರಗಿನಿಂದ ಬರ್ಬೇಕಾ?" ದಿನಾ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ, ಗೋಡೆ ಗಡಿಯಾರಕ್ಕೆ ಕೀ ಕೊಟ್ಟ ಮೇಲೆ, ಕಂಪ್ಯೂಟರಿನ ಮುಂದೆ ಕೂತು ಮಣಿಕಟ್ಟು ನೋಡಿ ಗಂಟೆ, ನಿಮಿಷ ಹೊಂದಿಸುತ್ತಿದ್ದ, ಸೆಕೆಂಡು ಸೊನ್ನೆಗೆ ಬಂದಾಗಲೇ ಸರಿ ಎಂದು ಒತ್ತುತ್ತಿದ್ದ. ಪರದೆಯ ಮೂಲೆಯಲ್ಲಿ ಗಂಟೆ ನಿಮಿಷ ಮಾತ್ರ ಕಾಣಬೇಕು. ತಾರೀಕು ಹೇಳುವುದು ಕ್ಯಾಲೆಂಡರಿನ ಕೆಲಸ. ಗಡಿಯಾರ ಅದರ ಅನ್ನ ಕಿತ್ತುಕೊಳ್ಳಬಾರದು.

ಇಂಥವನಿಗೆ, ಅವನದೇ ಮನೆಯಲ್ಲಿ, ನಿಮ್ಮ ಗಡಿಯಾರ ಹಿಂದಿದೆ ಎಂದರೆ ಹೇಗಾಗಬೇಡ? ಬಾಗಿ ಮಣಿಕಟ್ಟನ್ನು ಪರದೆಯ ಪಕ್ಕಕ್ಕೆ ಹಿಡಿದ. ನಿಮಿಷ ಬದಲಾಗುವವರೆಗೆ ಉಸಿರು ಬಿಗಿಹಿಡಿದು ಕಾದ. ಎರಡೂ ಒಟ್ಟಿಗೇ ಬದಲಾದವು.

"ನೋಡು. ಕೂದಲೆಳೆ ವ್ಯತ್ಯಾಸ ಇಲ್ಲ. ನಂಗೆ ಬುದ್ಧಿ ಹೇಳತ್ತೆ! ಸುಳ್ಳುಬುರುಕ ಯಂತ್ರ."

ಕೇಸು ಅಲ್ಲಿಗೆ ಮುಗಿದಿತ್ತು. ಮದುವೆಯಾದಾಗಿನಿಂದ ಆ ಮನೆಯಲ್ಲಿ ಉಪ್ಪು, ಸಾಬೂನು, ನೆಂಟರು, ಎಲ್ಲದರ ಬಗ್ಗೆ ವಾದ ನಡೆದಿದೆ. ಟೈಮಿನ ಬಗ್ಗೆ ಇಲ್ಲ. ಹಾಗಾಗಿ ತಮ್ಮನಿಗೆ ಅವಳು ಎಲ್ಲ ಲಕ್ಷಣ ಹೇಳಿದಳು, ಅದೊಂದು ಬಿಟ್ಟು.

ಶುಕ್ರವಾರ ಬೆಳಿಗ್ಗೆ ನಿಮಿಷಪ್ಪ ಶೂ ಕಟ್ಟುತ್ತ, "ಆಗ್ದಿದ್ರೆ ಬಿಡು. ಸೋಮವಾರದಿಂದ ಅಂಗಡಿಗೇ ಬಾ. ಒಂದು ಸ್ಟೂಲ್ ತಂದಿಟ್ಟಿದೀನಿ" ಎಂದ. ಸ್ಟೂಲಿನ ಮಾತು ಕೇಳಿದ್ದೇ ಅವಳು ಕಂಪ್ಯೂಟರಿನ ಮುಂದೆ ಹೋಗಿ ಕೂತಳು.

ಅವನು ಹೋದ ಮೇಲೆ ಸ್ವಿಚ್ಚು ಹಾಕಿ ಮತ್ತೆ ಒತ್ತಿದಳು. ಆಗಲಿಲ್ಲ. ಮತ್ತೆ. ಕಣ್ಣು ಪರದೆಯ ಮೂಲೆಗೇ ಹೋಗುತ್ತಿತ್ತು. ಕಣ್ಣು ಹೋದಲ್ಲಿ ಕೈಯೂ ಹೋಗಿ ಮೌಸಿನ ಬಾಣ ಗಡಿಯಾರದ ಮೇಲೆ ನಿಂತಿತು. ಪುಟ್ಟದೊಂದು ಚೌಕ ಮೇಲೆದ್ದು ಬಂತು. ಅದರಲ್ಲಿ: ಭಾನುವಾರ, ಜನವರಿ ಒಂದು. ವರ್ಷ, ಆ ಕಂಪ್ಯೂಟರು ಮನೆಗೆ ಬರುವುದಕ್ಕೂ ಹಿಂದಿನದು.

ಅವಳು ಕ್ಯಾಲೆಂಡರು ನೋಡಿದಳು. ಕಿಟಕಿಯ ಹೊರಗೆ ಶಾಲೆಯ ವ್ಯಾನಿಗೆ ಕಾಯುತ್ತ ಜಗಳವಾಡುವ ಮಕ್ಕಳನ್ನು ನೋಡಿದಳು. ಭಾನುವಾರ ಅಲ್ಲವೇ ಅಲ್ಲ. ಒಂದು ತಾರೀಕು ತಪ್ಪಿದರೆ ಕೇಸೇ ಬಿದ್ದುಹೋಗುತ್ತದೆ ಎಂದು ವಕೀಲರು ಇಪ್ಪತ್ತು ವರ್ಷ ಅವಳ ತಲೆಗೆ ತುಂಬಿದ್ದರು. ಅವಳ ಮನೆಯಲ್ಲಿ ತಿಂಗಳುಗಟ್ಟಲೆ ದಿನಾ ಬೆಳಗಾದರೆ ಹೊಸ ವರ್ಷ ಹುಟ್ಟುತ್ತಿತ್ತು, ಅದೂ ಹಳೆಯದೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು.

ಫೋನಿನಲ್ಲಿ ತಮ್ಮ ಮೊದಲು ನಂಬಲಿಲ್ಲ, ಆಮೇಲೆ ಬಿದ್ದು ಬಿದ್ದು ನಕ್ಕ.

"ಭಾವನ ಮನೇಲಾ? ಗಡಿಯಾರ ತಪ್ಪಾ? ಅಕ್ಕಾ, ಇದನ್ನ ಯಾರಿಗೆ ಹೇಳ್ಲಿ ನಾನು!"

"ಯಾರಿಗೂ ಹೇಳ್ಬೇಡ. ಏನ್ಮಾಡ್ಲಿ ಹೇಳು."

"ತಾರೀಕು ಸರಿ ಮಾಡಿ ಅಪ್‌ಡೇಟ್ ಒತ್ತು. ಅಪ್‌ಡೇಟ್ ಕೊಡೋ ಕಡೆಯವರು ನಿನ್ನ ಮಿಷಿನ್ನಿನ ತಾರೀಕು ನೋಡ್ತಾರೆ. ಯಾವುದೋ ಕಾಲದ್ದಿದ್ರೆ ನಂಬಲ್ಲ. ಒಳಗೊಂದು ಬಿಲ್ಲೆ ಸೆಲ್ ಇರತ್ತೆ, ಅದು ಸತ್ತಿದೆ. ಭಾವನ ಅಂಗಡೀಲಿ ಡಬ್ಬಿಗಟ್ಲೆ ಇರತ್ತಲ್ಲ, ಅದೇ. ಈಗ ಬೇಡ, ಆಮೇಲೆ ಹಾಕಿಸ್ಕೋ. ಮುಗಿಯೋವರೆಗೂ ಸ್ವಿಚ್ ಮಾತ್ರ ಯಾರೂ ಮುಟ್ಟಬಾರ್ದು."

ಅವಳು ತಾರೀಕು ಸರಿಮಾಡಿದಳು. ಗೋಡೆಯ ಸ್ವಿಚ್ಚಿನ ಮೇಲೆ ಅಂಟುಪಟ್ಟಿ ಹಚ್ಚಿದಳು. ಅಪ್‌ಡೇಟು, ಏನೂ ನಡೆದೇ ಇಲ್ಲವೆಂಬಂತೆ, ಇಳಿಯತೊಡಗಿತು.

ಒಂದು ಗಂಟೆಗೆ, ಅಂದರೆ ಒಂದಕ್ಕೇ, ನಿಮಿಷಪ್ಪ ಊಟಕ್ಕೆ ಬಂದ. ಅಂಟುಪಟ್ಟಿ ನೋಡಿ, "ಇದೇನು?" ಎಂದ. ಹೇಳದೆ ಇರಬಹುದಿತ್ತು. ಆದರೆ ಅವನ ಕೈ ಆ ಸ್ವಿಚ್ಚಿಗೆ ಹೋಗುವುದು ಯೋಚಿಸಿ ಅಲ್ಲ, ಅಭ್ಯಾಸದಿಂದ; ಬರೀ ಅಂಟುಪಟ್ಟಿಯನ್ನು ನಂಬುವ ಧೈರ್ಯ ಅವಳಿಗಿರಲಿಲ್ಲ.

"ಸ್ವಿಚ್ ಮುಟ್ಬೇಡಿ ರೀ. ಅಪ್‌ಡೇಟ್ ಆಗ್ತಿದೆ. ಗಡಿಯಾರ ತಪ್ಪಿತ್ತು, ಅದಕ್ಕೇ ಇಷ್ಟು ದಿನ ಆಗ್ಲಿಲ್ಲ."

"ನಾನಿಟ್ಟ ಟೈಮು ತಪ್ಪಾ?"

"ಟೈಮ್ ತಪ್ಪಿರ್ಲಿಲ್ಲ. ವರ್ಷ ತಪ್ಪಿತ್ತು."

ಅವನು ತಟ್ಟೆಯ ಮುಂದೆ ಕೂತು ಅನ್ನ ಕಲಸತೊಡಗಿದ. ಅವಳು ಒಳಗಿನ ಸೆಲ್ಲಿನ ವಿಷಯವನ್ನೂ ಹೇಳಿದಳು, ಆದಷ್ಟು ಮೆತ್ತಗೆ.

"ಬಿಲ್ಲೆ ಸೆಲ್ಲಾ?" ಎಂದ. "ನಮ್ಮಲ್ಲಿರೋ ಅದೇನಾ?"

"ಅದೇ ಅಂತೆ."

ಅನ್ನ ಅರ್ಧಕ್ಕೆ ಬಿಟ್ಟು ಎದ್ದ. ಹೋಗುವಾಗ ಮಣಿಕಟ್ಟು ನೋಡಿಕೊಳ್ಳಲಿಲ್ಲ. ಅವಳಿಗೆ ಅದು ಬೈಗುಳಕ್ಕಿಂತ ಕಷ್ಟವಾಯಿತು.

ಇಳಿಯುವುದು ಮುಗಿದು, ಕಂಪ್ಯೂಟರು ಆರಿ ಹತ್ತಿ, ನೀಲಿ ಪರದೆಯಲ್ಲಿ ಒಂದು ಚಕ್ರ ಸುತ್ತತೊಡಗಿತು: ಅಪ್‌ಡೇಟ್ ನಡೆಯುತ್ತಿದೆ, ಆಫ್ ಮಾಡಬೇಡಿ. ಅದರ ಕೆಳಗೆ ಒಂದು ಅಂಕಿ, ಬಸುರಿಯ ಹೆಜ್ಜೆಯಂತೆ ನಿಧಾನ. ನಾಲ್ಕು ಹೊಡೆದ ಮೇಲೆ ಬಾಗಿಲ ಸದ್ದಾಯಿತು. ನಿಮಿಷಪ್ಪ! ಅಂಗಡಿ ಮುಚ್ಚಿ ಬಂದಿದ್ದ. ಕೈಯಲ್ಲಿ ಕೆಲಸದ ಪೆಟ್ಟಿಗೆ.

"ಸೆಲ್ ತಂದೆ" ಎಂದ, ಅವಳ ಮುಖ ನೋಡದೆ. "ನನ್ನ ತಪ್ಪು, ನಾನೇ ಸರಿ ಮಾಡ್ತೀನಿ."

"ಆಮೇಲೆ ಹಾಕಿದ್ರಾಯ್ತು ರೀ, ಅವಸರ ಇಲ್ಲ" ಎನ್ನುವಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಕಂಪನಿಯ ಹುಡುಗಿ. ಮನೆಯೊಳಗೆ ಮಾತು ಕಡಿದು ಕಡಿದು ಬರುತ್ತದೆಂದು ಬಾಲ್ಕನಿಗೆ ಓಡಿದಳು.

"ಆಯ್ತಾ ಮೇಡಂ?"

"ಆಗ್ತಿದೆ, ಎಂಬತ್ತು ಪರ್ಸೆಂಟ್ ದಾಟಿದೆ!"

"ಸೂಪರ್ ಮೇಡಂ! ಐದಕ್ಕೆ ಸಿಸ್ಟಮ್ ತಾನೇ ಕ್ಲೋಸ್ ಆಗತ್ತೆ, ನಮ್ಮ ಕೈಲಿರಲ್ಲ. ನಿಮ್ಮ ಹೆಸರು ಹಸಿರಾಗ್ಲಿ ಅಂತ ನಾನೂ ಕಾಯ್ತಿದೀನಿ."

ಹುಡುಗಿ ಹತ್ತು ನಿಮಿಷ ಸಂಬಳ, ರಜೆಯ ವಿಷಯವನ್ನೂ ವಿವರಿಸಿದ ಮೇಲೆ ಟೈಪಿಸ್ಟಮ್ಮ ನಗುತ್ತಲೇ ಒಳಗೆ ಬಂದಳು. ಪರದೆ ಕಪ್ಪಾಗಿತ್ತು. ಕಂಪ್ಯೂಟರಿನ ಡಬ್ಬ ನೆಲದ ಮೇಲೆ ಹಾಸಿದ ಬಿಳಿ ಬಟ್ಟೆಯ ಮೇಲೆ ಅಡ್ಡ ಮಲಗಿತ್ತು, ಪಕ್ಕದ ತಗಡು ತೆರೆದು. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಚಿಮಟದ ತುದಿಯಲ್ಲಿ ಹಳೆಯ ಸೆಲ್ಲು ಹಿಡಿದು, ನಿಮಿಷಪ್ಪ ಒಂದು ತೊಟ್ಟು ಹೆಮ್ಮೆಯಿಂದ ತಲೆಯೆತ್ತಿದ.

"ಸ್ವಿಚ್ ಮುಟ್ಬೇಡಿ ಅಂದಿದ್ದೆ" ಎಂದಳು.

"ಮುಟ್ಟಿಲ್ಲ. ಹಿಂದಿನ ವೈರ್ ಎಳ್ದೆ. ಓಡ್ತಿರೋದನ್ನ ರಿಪೇರಿ ಮಾಡೋಕಾಗತ್ತಾ? ಮೊದ್ಲು ನಿಲ್ಲಿಸ್ಬೇಕು."

ಅವಳು ಅವನ ಮುಖವನ್ನೇ ದಿಟ್ಟಿಸಿದಳು, ಸ್ಟೂಲು ನೆನಪಾಗಿ. ಅಲ್ಲಿ ಕಪಟದ ಒಂದು ಗೆರೆಯೂ ಇರಲಿಲ್ಲ. ನಲವತ್ತು ವರ್ಷ ಗಡಿಯಾರ ಬಿಚ್ಚಿದವನು ಮೊದಲು ಮಾಡುವ ಕೆಲಸವನ್ನೇ ಮಾಡಿದ್ದ. ಬೇಕೆಂದೇ ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು.

ಹೊಸ ಸೆಲ್ಲು ಕೂರಿಸಿ, ಡಬ್ಬ ಮುಚ್ಚಿ, ವೈರು ಸಿಕ್ಕಿಸಿ ಹಚ್ಚಿದರು. ಚಕ್ರ ಮತ್ತೆ ಸುತ್ತಿತು: ಅಪ್‌ಡೇಟ್ ಪೂರ್ಣಗೊಳ್ಳಲಿಲ್ಲ, ಬದಲಾವಣೆಗಳನ್ನು ಹಿಂತೆಗೆದುಕೊಳ್ಳಲಾಗುತ್ತಿದೆ. ಮುಂದೆ ಹೋಗುವಾಗಿನಷ್ಟೇ ನಿಧಾನವಾಗಿ ಅದು ಹಿಂದಕ್ಕೂ ಹೋಯಿತು. ಆಗ ಅವನಿಗೆ ಅರ್ಥವಾಯಿತು. ಭೂತಗಾಜು ಕಣ್ಣಿಂದ ತೆಗೆಯುವುದನ್ನು ಮರೆತು ಅವಳ ಪಕ್ಕದಲ್ಲಿ ನಿಂತೇ ಇದ್ದ.

"ಫೋನ್ ಮಾಡಿ ಹೇಳು, ನನ್ನಿಂದ ಆಯ್ತು ಅಂತ. ಇಲ್ದಿದ್ರೆ ನಾನೇ ಮಾತಾಡ್ತೀನಿ."

ಅವಳು ಮಾಡಿದಳು. ಹುಡುಗಿಗೆ ನಿಜಕ್ಕೂ ಬೇಸರವಾಯಿತು. "ಸಿಸ್ಟಮ್ ಮೇಡಂ" ಎಂದಳು.

ಗೋಡೆಯ ಗಡಿಯಾರ ಐದು ಹೊಡೆಯಿತು. ಅದು ಹಿಂದೆಯೂ ಇರಲಿಲ್ಲ, ಮುಂದೆಯೂ ಇರಲಿಲ್ಲ.

ಅಪ್‌ಡೇಟು ಶನಿವಾರ ಬೆಳಿಗ್ಗೆ ಮೊದಲ ಪ್ರಯತ್ನದಲ್ಲೇ ಆಯಿತು. ಸೋಮವಾರದಿಂದ ಅವಳು ಅಂಗಡಿಯಲ್ಲಿ ಕೂರುತ್ತಾಳೆ.